ಕುಚ್ಚಿನ ಮೀನಿಗೆಂದು ಹೋದಾಗ ವರದೆಯಲ್ಲಿ ಸಿಕ್ಕ ಮೀನುಗಳು

ವರದಾ ನದಿಯಲ್ಲಿ ಫ್ಲೈ ಗಾಳ ಹಿಡಿದು ನಿಂತ ಮೊದಲ ವರ್ಷ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ ಮೀನು. ಅದು ಕುಚ್ಚಿನ ಮೀನು. ಪೇಟೆಯಲ್ಲಿ ಮುರ್ರೆಲ್ ಎಂಬ ಹೆಸರಿನಲ್ಲಿ ಒಳ್ಳೆಯ ಬೆಲೆಗೆ ಮಾರಾಟವಾಗುವ, ಗಾಳ ಹಾಕುವವರೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ ಮೀನು. ದೀಪಾವಳಿ ಕಳೆದು ನೀರು ತಿಳಿಯಾದಾಗಿನಿಂದ ಶಿವರಾತ್ರಿಯವರೆಗೆ ಹೊಸರಿತ್ತಿಯ ಸುತ್ತಮುತ್ತ 16 ಮುಂಜಾವುಗಳನ್ನು ಅದಕ್ಕಾಗಿ ಕಳೆದೆ. ಕುಚ್ಚಿನ ಮೀನು ಒಂದೂ ಸಿಗಲಿಲ್ಲ. ಆದರೆ ಅದೇ 16 ಮುಂಜಾವುಗಳಲ್ಲಿ ನಾನು ಬಯಸದೆ ಇದ್ದ, ಕೆಲವನ್ನಂತೂ ಹೆಸರಿನಿಂದಲೂ ಅರಿಯದ ಐದು ಜಾತಿಯ ಮೀನುಗಳು ಗಾಳಕ್ಕೆ ಬಂದವು. ಮರುವರ್ಷದಿಂದ ನಾನು ನದಿಗೆ ಹೋಗುತ್ತಿರುವುದು ಅವುಗಳಿಗಾಗಿಯೇ.

ಫ್ಲೈ ಗಾಳವನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ರೂಢಿಯಲ್ಲಿರುವ ಗಾಳದಲ್ಲಿ ಎರೆಹುಳವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸಿ, ಸೀಸದ ಗುಂಡಿನ ಭಾರದಿಂದ ದಾರವನ್ನು ದೂರ ಎಸೆಯುತ್ತೇವೆ. ಫ್ಲೈ ಗಾಳದಲ್ಲಿ ಕೊಕ್ಕೆಗೆ ಗರಿ, ಉಣ್ಣೆ, ರೇಷ್ಮೆ ಎಳೆಗಳನ್ನು ಸುತ್ತಿ ಹುಳುವಿನ ಅಥವಾ ಮರಿಮೀನಿನ ಆಕಾರ ಕೊಟ್ಟಿರುತ್ತಾರೆ. ಅದಕ್ಕೆ ಭಾರವೇ ಇರದ ಕಾರಣ, ಅದನ್ನು ಹೊತ್ತೊಯ್ಯುವ ಭಾರ ದಪ್ಪನೆಯ ದಾರದಲ್ಲಿಯೇ ಇರುತ್ತದೆ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಡೆದು, ಆಮೇಲೆ ಮುಂದಕ್ಕೆ ಬೀಸಿದರೆ ಫ್ಲೈ ನೀರಿನ ಮೇಲೆ ಹಗುರವಾಗಿ ಕೂರುತ್ತದೆ. ಈ ತಡೆಯುವ ಕ್ಷಣವನ್ನು ಕೈ ಕಲಿಯುವುದಕ್ಕೆ ನನಗೆ ಎರಡು ತಿಂಗಳು ಬೇಕಾಯಿತು. ಫ್ಲೈಗಳನ್ನು ನಾನೇ ಕಟ್ಟಿಕೊಳ್ಳುತ್ತೇನೆ. ವೂಲಿ ಬಗ್ಗರ್ ಎಂಬ ಹೆಸರಾಂತ ಫ್ಲೈಗೆ ಬೇಕಾದ ಕಪ್ಪು ಒಡಲಿಗೆ ಕಂಬಳಿ ನೇಯುವವರಿಂದ ತಂದ ದಖನಿ ಕುರಿಯ ಕರಿ ಉಣ್ಣೆಯನ್ನು ಬಳಸುತ್ತೇನೆ. ಒರಟಾದ ಆ ಎಳೆಗಳು ನೀರಿನಲ್ಲಿ ನೆನೆದ ಮೇಲೂ ನೆಟ್ಟಗೆ ನಿಂತು ಜೀವಂತ ಹುಳುವಿನ ಕಾಲುಗಳಂತೆ ಅಲುಗುತ್ತವೆ. ಪೇಟೆಯ ನುಣುಪು ಉಣ್ಣೆಯಲ್ಲಿ ನನಗೆ ಆ ಅಲುಗಾಟ ಸಿಕ್ಕಿಲ್ಲ.

ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟುವ ವರದೆ ಬನವಾಸಿಯನ್ನು ಬಳಸಿ, ಹಾವೇರಿ ಜಿಲ್ಲೆಯ ಎರೆಹೊಲಗಳ ನಡುವೆ ನಿಧಾನವಾಗಿ ಹರಿದು, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಕೆಂಪು ನೀರು ದಡ ಮೀರಿ ಹರಿಯುವಾಗ ಫ್ಲೈ ಗಾಳದ ಮಾತೇ ಇಲ್ಲ, ಏಕೆಂದರೆ ಮೀನು ಕಣ್ಣಿನಿಂದ ನೋಡಿ ಹಿಡಿಯಬೇಕಾದ ಆಟ ಇದು. ಬೇಸಿಗೆಯಲ್ಲಿ ನದಿ ಅಲ್ಲಲ್ಲಿ ಮಡುಗಳಾಗಿ ಒಡೆದುಹೋಗುತ್ತದೆ, ಆಗ ಸಿಕ್ಕಿಬಿದ್ದ ಮೀನುಗಳಿಗೆ ಗಾಳ ಹಾಕಲು ನನಗೆ ಮನಸ್ಸು ಬರುವುದಿಲ್ಲ. ನಡುವೆ ಉಳಿಯುವ ನಾಲ್ಕು ತಿಂಗಳೇ ನನ್ನ ಕಾಲ.

ಮೊದಲು ಬಂದದ್ದು ಕೊಂತಿ. ಮುಂಜಾನೆ ಏಳರ ಸುಮಾರಿಗೆ ಜೊಂಡಿನ ಅಂಚಿನಲ್ಲಿ, ನೀರಿನ ಮೇಲ್ಮೈಗೆ ಒಂದು ಬೆರಳಿನಷ್ಟು ಕೆಳಗೆ, ಸಣ್ಣ ಕಡ್ಡಿಗಳಂತೆ ಮೂರು ನೆರಳುಗಳು ನಿಂತಿದ್ದವು. ಅವು ಕಡ್ಡಿಗಳೆಂದೇ ತಿಳಿದು ಅವುಗಳ ಆಚೆ ಫ್ಲೈ ಬೀಸಿ ಎಳೆಯತೊಡಗಿದೆ. ಒಂದು ಕಡ್ಡಿ ತಿರುಗಿತು, ಫ್ಲೈಯ ಪಕ್ಕದಲ್ಲಿಯೇ ಎರಡು ಮಾರು ದೂರ ಈಜಿತು, ತಟ್ಟನೆ ತಲೆಯನ್ನು ಅಡ್ಡಕ್ಕೆ ಹೊಡೆದು ಕಚ್ಚಿತು. ನಾನು ಕೋಲೆತ್ತಿದೆ, ಫ್ಲೈ ಬರಿದಾಗಿ ಹಿಂದಿರುಗಿತು. ಅಂದು ಒಂಬತ್ತು ಸಲ ಹೀಗೆಯೇ ಆಯಿತು. ಹತ್ತನೆಯ ಸಲ ಕೈಗೆ ಬಂದ ಮೀನನ್ನು ನೋಡಿದಾಗ ಕಾರಣ ತಿಳಿಯಿತು. ಗೇಣಿಗಿಂತ ತುಸು ಉದ್ದದ, ಹಸಿರು ಬೆನ್ನಿನ, ಪಕ್ಕೆಯಲ್ಲಿ ಬೆಳ್ಳಿಯ ಪಟ್ಟಿಯಿದ್ದ ಆ ಮೀನಿನ ಮುಖವೆಂದರೆ ಎರಡು ಉದ್ದನೆಯ ಮೂಳೆಯ ಕೊಕ್ಕುಗಳು, ಅವುಗಳ ಉದ್ದಕ್ಕೂ ಸೂಜಿಯಂಥ ಹಲ್ಲುಗಳು. ಕೊಕ್ಕೆ ನಾಟಲು ಅಲ್ಲಿ ಮಾಂಸವೇ ಇಲ್ಲ. ಬೇಟೆಯನ್ನು ಮೊದಲು ಅಡ್ಡಲಾಗಿ ಕಚ್ಚಿ ಹಿಡಿದು, ಆಮೇಲೆ ತಿರುಗಿಸಿ ತಲೆಯ ಕಡೆಯಿಂದ ನುಂಗುವುದು ಅದರ ರೀತಿ, ನಾನೋ ಅದು ಕಚ್ಚಿದ ಕ್ಷಣದಲ್ಲಿಯೇ ಎಳೆಯುತ್ತಿದ್ದೆ.

ದಡದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯ ಅಂಬಿಗರೊಬ್ಬರು ಅದನ್ನು ನೋಡಿ, "ಕೊಂತಿ ಅದು. ಬಲ್ಯಾಗ ಸಿಕ್ರ ಹಲ್ಲು ಬಿಡಸೂದ ಒಂದ್ ಕೆಲಸ ನಮಗ" ಎಂದರು. ಆ ಮಾತಿನಿಂದಲೇ ನನಗೊಂದು ಉಪಾಯ ಹೊಳೆಯಿತು. ಬಲೆಯ ಎಳೆಗಳಲ್ಲಿ ಹಲ್ಲು ಸಿಕ್ಕಿಕೊಳ್ಳುವುದಾದರೆ ಫ್ಲೈಯಲ್ಲಿಯೂ ಸಿಕ್ಕಿಕೊಳ್ಳಬೇಕು. ನೈಲಾನ್ ಹಗ್ಗದ ತುಂಡೊಂದನ್ನು ಎಳೆಎಳೆಯಾಗಿ ಬಿಡಿಸಿ, ಎರಡು ಇಂಚಿನ ಬಾಲವಾಗಿ ಕಟ್ಟಿದೆ. ಮರುವಾರ ಒಂದು ಗಂಟೆಯಲ್ಲಿ ಆರು ಕೊಂತಿಗಳು ಬಂದವು. ಆದರೆ ಆ ವಿಧಾನವನ್ನು ನಾನು ಅಂದೇ ಕೈಬಿಟ್ಟೆ, ಅದನ್ನು ಯಾರಿಗೂ ಹೇಳಿಕೊಡುವುದೂ ಇಲ್ಲ. ಎಳೆಗಳನ್ನು ಪೂರ್ತಿ ಬಿಡಿಸದೆ ಮೀನನ್ನು ಬಿಟ್ಟರೆ ಅದರ ಕೊಕ್ಕು ಕಟ್ಟಿಹೋಗಿ ಹಸಿವಿನಿಂದ ಸಾಯುತ್ತದೆ, ಪೂರ್ತಿ ಬಿಡಿಸಲು ಹೋದರೆ ನೀರಿನ ಹೊರಗೆ ಅಷ್ಟು ಹೊತ್ತು ಅದು ತಾಳುವುದಿಲ್ಲ. ಈಗ ನಾನು ಬಳಸುವುದು 14ನೆಯ ಅಳತೆಯ (ಸಂಖ್ಯೆ ಹೆಚ್ಚಿದಷ್ಟೂ ಕೊಕ್ಕೆ ಸಣ್ಣದು) ಕೊಕ್ಕೆಯ ಮೇಲೆ ಕಟ್ಟಿದ, ಕೊಕ್ಕೆಗಿಂತ ಉದ್ದವಿರದ ಬಿಳಿ ಫ್ಲೈ. ಅದು ಕಚ್ಚಿದಾಗ ಕೋಲೆತ್ತದೆ, ದಾರವನ್ನು ಸಡಿಲವಾಗಿ ಬಿಟ್ಟು ಮನಸ್ಸಿನಲ್ಲಿ ಮೂರರವರೆಗೆ ಎಣಿಸಿ, ಆಮೇಲೆ ಎಡಗೈಯಿಂದ ದಾರವನ್ನಷ್ಟೇ ಮೆಲ್ಲನೆ ಬಿಗಿ ಮಾಡುತ್ತೇನೆ. ನಾಲ್ಕಕ್ಕೆ ಒಂದು ಸಿಗುತ್ತದೆ, ಅದು ಸಾಕು.

ಕೊಂತಿಗೆ ಕ್ಸೆನೆಂಟೊಡಾನ್ ಕ್ಯಾನ್ಸಿಲಾ ಎಂಬ ಶಾಸ್ತ್ರೀಯ ಹೆಸರಿದೆ. 1822ರಲ್ಲಿ ಅದನ್ನು ಮೊದಲು ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. 1800-01ರಲ್ಲಿ ಮೈಸೂರು ಮತ್ತು ಕೆನರಾ ಸೀಮೆಗಳನ್ನು ಸುತ್ತಿ ಬೆಳೆ, ಮಣ್ಣು, ಜನಜೀವನವನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಅವನೇ, ಹೆಸರು ಬದಲಾದದ್ದು ಆಮೇಲೆ. ಅವನು ವರ್ಣಿಸಿದ್ದು ಗಂಗೆಯ ಮೀನನ್ನು. ಆದರೂ ನಮ್ಮ ಸೀಮೆಯ ನೆಲವನ್ನು ನಡೆದು ನೋಡಿದ ಕಣ್ಣೇ ಈ ಮೀನಿಗೂ ಹೆಸರು ಕೊಟ್ಟಿತೆಂಬುದು ನನಗೆ ಇಂದಿಗೂ ಸಂತೋಷದ ಸಂಗತಿ.

ನಾನು ಎಲ್ಲಕ್ಕಿಂತ ಹೆಚ್ಚು ಕಾಲ ಕೊಟ್ಟದ್ದು ಭಂಗಿಸಿದ್ದ ಎಂಬ ಮೀನಿಗೆ. ಇದೂ ಹ್ಯಾಮಿಲ್ಟನ್ ವರ್ಣಿಸಿದ್ದೇ, ಗ್ಲಾಸೊಗೋಬಿಯಸ್ ಗಿಯುರಿಸ್. ಚಪ್ಪಟೆ ತಲೆ, ತಲೆಯ ಮೇಲಕ್ಕೇ ಬಂದಂತಿರುವ ಕಣ್ಣುಗಳು, ಮೇಲ್ದವಡೆಗಿಂತ ಮುಂದೆ ಚಾಚಿದ ಕೆಳದವಡೆ, ಮರಳಿನದೇ ಬಣ್ಣ. ಮೊಣಕಾಲುದ್ದದ ನೀರಿನಲ್ಲಿ, ಮರಳಿನ ಮೇಲೆ ಹೊಟ್ಟೆ ಊರಿ ಕೂತಿದ್ದರೂ ಅದು ನಮಗೆ ಕಾಣುವುದಿಲ್ಲ, ಕಾಲಿಟ್ಟಾಗ ಪುಟ್ಟ ಮರಳಿನ ಮೋಡವೊಂದು ಎದ್ದಾಗಲೇ ಅಲ್ಲಿತ್ತೆಂದು ಗೊತ್ತಾಗುವುದು. ಅದು ಬೇಟೆಯ ಬೆನ್ನು ಹತ್ತಿ ಓಡುವ ಮೀನಲ್ಲ, ಎದುರಿಗೆ ಬಂದದ್ದರ ಮೇಲೆ ಒಂದೆರಡು ಗೇಣು ನೆಗೆದು ಬೀಳುವ ಮೀನು. ಆದ್ದರಿಂದ ನೀರಿನ ಮೇಲ್ಭಾಗದಲ್ಲಿ ಫ್ಲೈಯನ್ನು ಎಷ್ಟು ಚೆನ್ನಾಗಿ ಎಳೆದರೂ ಪ್ರಯೋಜನವಿಲ್ಲ. ಹಿತ್ತಾಳೆ ಮಣಿಯ ತಲೆಯಿರುವ ನಿಂಫ್ ಒಂದನ್ನು, ಎಂದರೆ ನೀರೊಳಗಿನ ಹುಳುವಿನ ಮರಿಯಂತೆ ಕಟ್ಟಿದ ಫ್ಲೈಯನ್ನು, ಹರಿವಿಗೆ ಓರೆಯಾಗಿ ಬೀಸಿ, ಅದು ತಳ ಮುಟ್ಟುವವರೆಗೆ ಕಾದು, ಅರ್ಧ ಇಂಚು ಎಳೆದು ನಿಲ್ಲಿಸಬೇಕು. ಪ್ರತಿ ಎಳೆತಕ್ಕೂ ಮಣಿ ಮರಳಿನಲ್ಲಿ ಸಣ್ಣ ಹೊಗೆಯೆಬ್ಬಿಸುತ್ತದೆ. ಮೀನನ್ನು ಕರೆಯುವುದು ಆ ಹೊಗೆಯೇ ಎಂಬುದು ನನ್ನ ಎಣಿಕೆ, ಏಕೆಂದರೆ ಮಣಿಯಿಲ್ಲದ ಅದೇ ಫ್ಲೈಗೆ ಅವು ಒಮ್ಮೆಯೂ ಬಂದಿಲ್ಲ. ಹಿಡಿದ ಮೊದಲ ಭಂಗಿಸಿದ್ದನನ್ನು ಒದ್ದೆ ಅಂಗೈಯ ಮೇಲೆ ಇಟ್ಟುಕೊಂಡಾಗ, ಹೊಟ್ಟೆಯ ಕೆಳಗಿನ ಎರಡು ರೆಕ್ಕೆಗಳು ಒಂದಾಗಿ ಬೆಸೆದು ಪುಟ್ಟ ಬಟ್ಟಲಿನಂತಾಗಿರುವುದನ್ನು ಕಂಡೆ. ಅದು ಆ ಬಟ್ಟಲನ್ನು ನನ್ನ ಚರ್ಮಕ್ಕೆ ಒತ್ತಿ, ಕಲ್ಲಿನ ಮೇಲೆ ಕೂರುವ ಹಾಗೆಯೇ ನನ್ನ ಕೈಯ ಮೇಲೂ ಕೂತಿತ್ತು.

ಆ ಮರಳಿನ ತಳವಿದ್ದ ಜಾಗ ಈಗ ಇಲ್ಲ. ಒಂದು ಬೇಸಿಗೆಯಲ್ಲಿ ಅದನ್ನು ಯಾರೋ ಅಗೆದು ಸಾಗಿಸಿದರು. ಮರುವರ್ಷ ಅಲ್ಲಿ ಆಳುದ್ದದ ಗುಂಡಿ, ತಳದಲ್ಲಿ ಕೆಸರು. ಜಿಲೇಬಿ ಮೀನುಗಳು ಮಾತ್ರ ಅಲ್ಲಿ ಹಿಂಡುಹಿಂಡಾಗಿದ್ದವು. 1952ರಲ್ಲಿ ಹೊರದೇಶದಿಂದ ಭಾರತಕ್ಕೆ ತಂದ ತಿಲಾಪಿಯಾ ನಮ್ಮ ಕಡೆ ಜಿಲೇಬಿ ಎನಿಸಿಕೊಂಡಿದೆ, ಎಂಥ ನೀರಿಗೂ ಅದು ಹೊಂದಿಕೊಳ್ಳುತ್ತದೆ. ಮರಳನ್ನೇ ನಂಬಿದ ಮೀನಿಗೆ ಆ ಅನುಕೂಲವಿಲ್ಲ. ಭಂಗಿಸಿದ್ದನನ್ನು ಹುಡುಕಿಕೊಂಡು ನಾನು ಮೂರು ಕಿಲೋಮೀಟರ್ ಕೆಳಗೆ ಹೋಗಬೇಕಾಯಿತು.

ಗೆಂಡೆ, ಅರ್ಜಾ ಮೊದಲಾದವು ಆಗಾಗ ಬರುತ್ತವೆ, ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಿರ್ಲುವಿನ ಬಗ್ಗೆ ಮಾತ್ರ ಎಚ್ಚರಿಸಬೇಕು. ಮೀಸೆಯುಳ್ಳ ಈ ಪುಟ್ಟ ಮೀನಿನ ಬೆನ್ನಿನ ಮತ್ತು ಪಕ್ಕದ ರೆಕ್ಕೆಗಳಲ್ಲಿ ಗಟ್ಟಿ ಮುಳ್ಳುಗಳಿರುತ್ತವೆ. ಒಮ್ಮೆ ಕೊಕ್ಕೆ ಬಿಡಿಸುವ ಅವಸರದಲ್ಲಿ ಅದನ್ನು ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳಿಗೆ ಚುಚ್ಚಿಸಿಕೊಂಡೆ. ನೋವು ಮೊಣಕೈವರೆಗೂ ಏರಿತು, ತಾಳಬಲ್ಲಷ್ಟು ಬಿಸಿ ನೀರಿನಲ್ಲಿ ಕೈಯಿಟ್ಟ ಮೇಲೆಯೇ ಇಳಿಯಿತು. ಅಂದಿನಿಂದ ಪ್ರತಿಯೊಂದು ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಮೊದಲೇ ಅದುಮಿ ಚಪ್ಪಟೆ ಮಾಡಿಟ್ಟುಕೊಳ್ಳುತ್ತೇನೆ. ಗಿರ್ಲುವನ್ನು ಮುಟ್ಟದೆಯೇ, ನೀರಿನಲ್ಲಿಯೇ ಕೊಕ್ಕೆಯನ್ನು ಇಕ್ಕಳದಿಂದ ತಿರುವಿದರೆ ಅದು ತಾನಾಗಿ ಕಳಚಿಕೊಳ್ಳುತ್ತದೆ.

ಹಾವುಮೀನು ಸಿಕ್ಕಿದ್ದು ತುಂಗಭದ್ರೆಯಲ್ಲಿ, ಅಂಬಿಗರ ಚೌಡಯ್ಯನ ಊರೆಂದು ಹೆಸರಾದ ಚೌಡದಾನಪುರದಿಂದ ಸಾಕಷ್ಟು ಕೆಳಗೆ. ಮುಕ್ತೇಶ್ವರನ ಗುಡಿಯ ಮುಂದಿನ ನೀರಿನಲ್ಲಿ ನಾನು ಗಾಳ ಬೀಸುವುದಿಲ್ಲ. ಜನ ಕೈಮುಗಿದು ಇಳಿಯುವ ನೀರಿನಲ್ಲಿ ಕೊಕ್ಕೆ ಎಳೆಯುವುದು ನನಗೆ ಒಗ್ಗದು. ಬಂಡೆಗಳ ಸಂದಿಯಲ್ಲಿ ತಳ ಮುಟ್ಟಿದ್ದ ನಿಂಫ್ ಒಂದು ಸಂಜೆ ಮಬ್ಬಿನಲ್ಲಿ ಕಲ್ಲಿಗೆ ಸಿಕ್ಕಿಕೊಂಡಂತಾಯಿತು. ಎಳೆದರೆ ಕಲ್ಲು ನಿಧಾನವಾಗಿ ಹಿಂದಕ್ಕೆ ಎಳೆಯಿತು. ಕೈಯುದ್ದದ ಕಂದು ಮೀನು ಮೇಲೆ ಬಂದು ಫ್ಲೈಗೆ ಕಟ್ಟುವ ತೆಳು ತುದಿದಾರವಾದ ಲೀಡರ್‌ಗೆ ಮೂರು ಸುತ್ತು ಸುತ್ತಿಕೊಂಡಿತು. ಅದರ ಬೆನ್ನಿನ ಮೇಲೆ ಗರಗಸದಂತೆ ಸಾಲು ಮುಳ್ಳುಗಳಿವೆ, ಹಿಂದಕ್ಕೆ ಜಾರುವಾಗ ಅವು ಕೈ ಕುಯ್ಯುತ್ತವೆ. ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಹಿಡಿದು, ಹರಿವಿನಲ್ಲಿ ಇಳಿಬಿಟ್ಟರೆ ಸುತ್ತನ್ನು ಅದೇ ಬಿಚ್ಚಿಕೊಳ್ಳುತ್ತದೆ. ತುಂಗಭದ್ರೆಯಲ್ಲಿ ಮೊಸಳೆಗಳೂ ಇರುವುದರಿಂದ ಕತ್ತಲಾದ ಮೇಲೆ ನಾನು ನೀರಿಗಿಳಿಯುವುದಿಲ್ಲ, ದಡದ ಬಂಡೆಯ ಮೇಲಿನಿಂದಲೇ ಬೀಸುತ್ತೇನೆ.

ಈ ಮೀನುಗಳಿಗಾಗಿ ನಾನು ಬದಲಿಸಿಕೊಂಡದ್ದು ಸ್ವಲ್ಪವೇ. ಕುಚ್ಚಿನ ಮೀನಿಗೆಂದು ಕೊಂಡಿದ್ದ 6ನೆಯ ತೂಕದ (ಕೋಲು ಬೀಸಬಲ್ಲ ದಾರದ ಭಾರವನ್ನು ಹೇಳುವ ಸಂಖ್ಯೆ) ಕೋಲಿನ ಬದಲು 9 ಅಡಿ ಉದ್ದದ, 4ನೆಯ ತೂಕದ ಹಗುರ ಕೋಲು ಬಂದಿದೆ. ನೀರಿನ ಮೇಲೆ ತೇಲುತ್ತ ಸದ್ದು ಮಾಡುವ, ಕಪ್ಪೆಯಾಕಾರದ ದೊಡ್ಡ ಪಾಪರ್‌ಗಳ ಜಾಗದಲ್ಲಿ 10ರಿಂದ 14ರ ಅಳತೆಯ ಸಣ್ಣ ಫ್ಲೈಗಳಿವೆ. ಬೀಸುವ ಮೊದಲು ಕಾಲು ಗಂಟೆ ಸುಮ್ಮನೆ ಕೂತು ನೀರನ್ನು ನೋಡುವ ಅಭ್ಯಾಸವಾಗಿದೆ. ಮೊದಲ ವರ್ಷ ಇದಕ್ಕೆ ನನ್ನಲ್ಲಿ ತಾಳ್ಮೆಯಿರಲಿಲ್ಲ, ಹಾಗಾಗಿಯೇ ಕೊಂತಿಗಳು ಕಡ್ಡಿಗಳಾಗಿ ಕಂಡಿದ್ದವು.

ಹೀಗೆ ಕೂತು ನೋಡಿದ್ದರಿಂದಲೇ ಕಳೆದ ಮಾಘದಲ್ಲಿ ಚಪ್ಪಲಿ ಮೀನು ಸಿಕ್ಕಿತು. ಗಳಗನಾಥಕ್ಕೆ ಸ್ವಲ್ಪ ಮೇಲೆ, ಮರದ ನೆರಳು ಬಿದ್ದ ಮಡುವಿನಲ್ಲಿ, ಹೊತ್ತು ಮುಳುಗುವಾಗ ಏನೋ ಒಂದು ಮೇಲೆದ್ದು ಗುಳಕ್ಕೆಂದು ಗಾಳಿ ನುಂಗಿ ಮುಳುಗುತ್ತಿತ್ತು. ಏಳುವ ಜಾಗವನ್ನು ನಾಲ್ಕು ಸಲ ಗುರುತಿಸಿ, ಕಂಬಳಿ ಉಣ್ಣೆಯ ಕರಿ ಫ್ಲೈಯನ್ನು ಅದರಾಚೆ ಇಳಿಸಿ, ಉಸಿರು ಬಿಡುವಷ್ಟು ನಿಧಾನಕ್ಕೆ ಎಳೆದೆ. ಐದನೆಯ ಬೀಸಿಗೆ ದಾರ ಭಾರವಾಯಿತು. ಅಂಗೈಗಿಂತ ಉದ್ದದ, ತೆಳ್ಳನೆಯ, ಬೆಳ್ಳಿ ತಗಡಿನಂಥ ಮೀನು. ಬೆನ್ನಿನ ಮೇಲೆ ಒಂದೇ ಒಂದು ಪುಟ್ಟ ಗರಿಯಂಥ ರೆಕ್ಕೆ. ಹೊಟ್ಟೆಯಡಿಯಿಂದ ಬಾಲದ ತುದಿಯವರೆಗೆ ಮಾತ್ರ ಒಂದೇ ಉದ್ದ ರೆಕ್ಕೆ, ಸೀರೆಯ ಅಂಚಿನಂತೆ. ಕೊಕ್ಕೆ ತೆಗೆದು ನೀರಿನಲ್ಲಿ ಕೈ ಸಡಿಲಿಸಿದೆ. ಅದು ತಿರುಗಲಿಲ್ಲ. ಆ ಅಂಚು ತಲೆಯ ಕಡೆಗೆ ಅಲೆಅಲೆಯಾಗಿ ಅಲುಗಿತು, ಮುಖ ನನ್ನ ಕಡೆಗಿದ್ದಂತೆಯೇ ಮೀನು ಹಿಂದಕ್ಕೆ ಹಿಂದಕ್ಕೆ ಈಜುತ್ತ ಬೇರುಗಳ ಕತ್ತಲೆಯೊಳಗೆ ಸೇರಿಹೋಯಿತು.