ಓಡೋಕೆ ಶುರು ಮಾಡಿದ್ರಾ? ತೂಕ ಹೆಂಗೆ ನೋಡ್ಬೇಕು, ಟೇಪ್ ಎಲ್ಲಿ ಹಿಡೀಬೇಕು

ಲಾಲ್‌ಬಾಗ್‌ನಲ್ಲಿ ಬೆಳಿಗ್ಗೆ ಓಡೋರನ್ನ ಹತ್ತು ವರ್ಷದಿಂದ ನೋಡ್ತಾ ಇದೀನಿ. ಜನವರಿ ಒಂದನೇ ತಾರೀಕು ಹೊಸ ಶೂ ಹಾಕ್ಕೊಂಡು ಬರ್ತಾರೆ, ಶಿವರಾತ್ರಿ ಹೊತ್ತಿಗೆ ಪತ್ತೆ ಇರಲ್ಲ. ಆಮೇಲೆ ತರಕಾರಿ ಅಂಗಡೀಲಿ ಸಿಕ್ಕಾಗ ಯಾಕ್ರೀ ಬರ್ತಿಲ್ಲ ಅಂದ್ರೆ ಎಲ್ರದ್ದೂ ಒಂದೇ ರಾಗ, "ತಿಂಗಳಿಡೀ ಓಡಿದೆ ಸಾರ್, ಅರ್ಧ ಕೆಜಿ ಜಾಸ್ತೀನೇ ಆಗಿದೀನಿ". ಪಾಪ, ಓಡಿದ್ದೇನೋ ಸರಿಯಾಗೇ ಓಡಿರ್ತಾರೆ, ಅಳೆಯೋದ್ರಲ್ಲಿ ಎಡವಿರ್ತಾರೆ.

ಹಂತ 1: ಓಟ

ವಾರಕ್ಕೆ ನಾಲ್ಕೈದು ದಿನ, ಒಟ್ಟು 150 ನಿಮಿಷ ದಾಟೋ ಹಾಗೆ, ಪಕ್ಕದಲ್ಲಿರೋರ ಜೊತೆ ಮಾತಾಡೋಕೆ ಉಸಿರು ಉಳಿಯೋ ವೇಗದಲ್ಲಿ. ಬಿರುಸು ನಡಿಗೆ, ಸೈಕಲ್ಲು ಆದ್ರೂ ನಡೆಯುತ್ತೆ. ಬಿಪಿ, ಶುಗರ್, ಮಂಡಿ ನೋವು ಇದ್ರೆ ಮೊದ್ಲು ಡಾಕ್ಟ್ರನ್ನ ಕೇಳಿ. ಇದಕ್ಕಿಂತ ಜಾಸ್ತಿ ಹೇಳೋದೇನಿಲ್ಲ.

ಹಂತ 2: ಲೆಕ್ಕ ತಿಳ್ಕೊಳ್ಳಿ

70 ಕೆಜಿ ಇರೋರು ಒಂದು ಕಿಲೋಮೀಟರ್ ಓಡಿದ್ರೆ ಹತ್ತಿರ ಹತ್ತಿರ 70 ಕ್ಯಾಲೊರಿ ಖರ್ಚಾಗುತ್ತೆ, ಐದು ಕಿಲೋಮೀಟರ್‌ಗೆ 350. ಒಂದು ಕೆಜಿ ಕೊಬ್ಬು ಕರಗೋಕೆ ಸುಮಾರು 7,700 ಬೇಕು. ಅಂದ್ರೆ 22 ದಿನ ಓಡಿ, ಊಟದಲ್ಲಿ ಒಂದು ತುತ್ತೂ ಜಾಸ್ತಿ ಆಗದೇ ಇದ್ರೆ, ಒಂದು ಕೆಜಿ. ಆದ್ರೆ ಆಗೋದೇನು, ಓಡಿ ಬಂದ ಖುಷೀಲಿ ಇನ್ನೊಂದು ಮಸಾಲೆ ದೋಸೆ ಒಳಗೆ ಹೋಗುತ್ತೆ, ಸಾಯಂಕಾಲ ಸುಸ್ತು ಅಂತ ಸೋಫಾ ಬಿಟ್ಟು ಏಳಲ್ಲ. ದೇಹವೂ ಒಳಗೊಳಗೇ ಕೈ ಬಿಗಿ ಮಾಡುತ್ತೆ. ತಾಂಜಾನಿಯಾದ ಹಡ್ಜಾ ಜನ ಬೇಟೆ, ಗೆಡ್ಡೆ ಗೆಣಸು ಅಂತ ದಿನಾ ಮೈಲಿಗಟ್ಟಲೆ ನಡೀತಾರೆ, 2012ರಲ್ಲಿ ಬಂದ ಅಧ್ಯಯನದಲ್ಲಿ ಅವರ ದಿನದ ಕ್ಯಾಲೊರಿ ಖರ್ಚು ಅಳೆದು ಮೈಗಾತ್ರಕ್ಕೆ ಸರಿದೂಗಿಸಿ ನೋಡಿದ್ರೆ ಅಮೆರಿಕ, ಯುರೋಪಿನೋರಷ್ಟೇ ಇತ್ತು.

ಹಂತ 3: ತೂಕ ನೋಡೋದು

ಎಲ್ರೂ ಕೆಡಿಸೋದು ಇಲ್ಲೇ. ಓಡಿ ಬಂದ ತಕ್ಷಣ ಬೆವರು ಒರೆಸಿಕೊಳ್ತಾ ಮೆಷಿನ್ ಹತ್ತೋದು ಬಿಡಿ. ಬೇಸಿಗೇಲಿ ಒಂದು ಗಂಟೆ ಓಡಿದ್ರೆ ಒಂದು ಲೀಟರ್ ಬೆವರು ಹೋಗೋದು ಸಾಮಾನ್ಯ, ಅದೇ ನಿಮ್ಮ "ಒಂದು ಕೆಜಿ ಇಳೀತು", ಎರಡು ಚೊಂಬು ನೀರು ಕುಡಿದ್ರೆ ವಾಪಸ್ಸು. ಹೊಟ್ಟೆಗೆ ಕಟ್ಟಿಕೊಳ್ಳೋ ಬೆವರು ಬೆಲ್ಟ್ ಮಾಡೋದೂ ಇದನ್ನೇ, ಆ ದುಡ್ಡಲ್ಲಿ ಒಳ್ಳೆ ಸಾಕ್ಸ್ ತಗೊಳ್ಳಿ.

ಬೆಳಿಗ್ಗೆ ಎದ್ದು, ಶೌಚಕ್ಕೆ ಹೋಗಿ ಬಂದು, ಕಾಫಿಗೆ ಮುಂಚೆ, ದಿನಾ ಒಂದೇ ಥರದ ಬಟ್ಟೇಲಿ ನಿಂತ್ಕೊಳ್ಳಿ. ಮೆಷಿನ್ನು ಗಟ್ಟಿ ನೆಲದ ಮೇಲಿರ್ಲಿ, ಮ್ಯಾಟ್ ಮೇಲೆ ಬೇಡ. ಬಂದ ನಂಬರನ್ನ ಕ್ಯಾಲೆಂಡರ್‌ನ ಅವತ್ತಿನ ಚೌಕದಲ್ಲಿ ಬರೆದು ಮರೆತುಬಿಡಿ, ಭಾನುವಾರ ಏಳೂ ಕೂಡಿಸಿ ಏಳರಿಂದ ಭಾಗಿಸಿ. ಹೋಲಿಸೋದು ಆ ಸರಾಸರಿಯನ್ನ ಮಾತ್ರ. ನಿನ್ನೆ ರಾತ್ರಿ ಪುಳಿಯೋಗರೆ ಜೊತೆ ಉಪ್ಪಿನಕಾಯಿ ಹಾಕ್ಕೊಂಡಿದ್ರೂ ಇವತ್ತು ಅರ್ಧ ಮುಕ್ಕಾಲು ಕೆಜಿ ಏರಿರುತ್ತೆ, ಅದು ಉಪ್ಪು ಹಿಡಿದಿಟ್ಟ ನೀರು. ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲೂ ಹೀಗೇ ಆಗಬಹುದು, ಹಾಗಾಗಿ ಹೋದ ತಿಂಗಳ ಅದೇ ವಾರಕ್ಕೆ ಹೋಲಿಸಿ.

ಇನ್ನು ಮೊದಲ ಮೂರ್ನಾಲ್ಕು ವಾರ ತೂಕ ಏರಿದ್ರೆ ಗಾಬರಿ ಬೀಳಬೇಡಿ. ಓಟ ಶುರುವಾದ್ಮೇಲೆ ಮಾಂಸಖಂಡಗಳು ಗ್ಲೈಕೋಜೆನ್ ಅನ್ನೋ ಸಕ್ಕರೆ ದಾಸ್ತಾನನ್ನ ಜಾಸ್ತಿ ಇಟ್ಕೊಳ್ಳೋಕೆ ಕಲೀತವೆ, ಅದು ಒಂದೊಂದು ಗ್ರಾಮಿಗೂ ಸುಮಾರು ಮೂರು ಗ್ರಾಂ ನೀರನ್ನ ಜೊತೇಲಿ ಎಳ್ಕೊಳ್ಳುತ್ತೆ. ನೋಯ್ತಾ ಇರೋ ಕಾಲಲ್ಲೂ ನೀರು ನಿಲ್ಲುತ್ತೆ, ರಕ್ತದ ಪ್ರಮಾಣವೂ ಸ್ವಲ್ಪ ಏರುತ್ತೆ. ಇದ್ಯಾವುದೂ ಬೊಜ್ಜಲ್ಲ, ಆದ್ರೆ ಮೆಷಿನ್‌ಗೆ ಅದು ಗೊತ್ತಾಗಲ್ಲ.

ಕೊಬ್ಬಿನ ಪರ್ಸೆಂಟೇಜನ್ನ ಮೊಬೈಲ್‌ಗೆ ಕಳಿಸೋ ಮೆಷಿನ್ ಬಗ್ಗೆ ಕೇಳ್ತೀರಾ? ಪಾದದಿಂದ ಸಣ್ಣ ಕರೆಂಟು ಬಿಟ್ಟು ಅಂದಾಜು ಹಾಕುತ್ತೆ ಅಷ್ಟೆ, ಮೈಯಲ್ಲಿ ನೀರು ಹೆಚ್ಚು ಕಮ್ಮಿ ಆದ್ರೆ ಅಂದಾಜೂ ಹೆಚ್ಚು ಕಮ್ಮಿ. ನಮ್ಮನೇಲೂ ಒಂದಿದೆ, ಬೆಳಿಗ್ಗೆ ಒಂದು ಹೇಳುತ್ತೆ ಸಾಯಂಕಾಲ ಇನ್ನೊಂದು.

ಹಂತ 4: ಟೇಪ್

ಪ್ಯಾಂಟ್ ಸೈಜ್ ನಂಬಬೇಡಿ. ಇಪ್ಪತ್ತು ವರ್ಷದಿಂದ 34 ಅಂತ ಹೇಳ್ಕೊಂಡು ಬಂದಿರೋ ಗಂಡಸರು ಬೆಲ್ಟನ್ನ ಹೊಟ್ಟೆ ಕೆಳಕ್ಕೆ ಇಳಿಸ್ಕೊಂಡಿರ್ತಾರೆ, ಅಷ್ಟೇ ಗುಟ್ಟು. ಪಕ್ಕೆಯಲ್ಲಿ ಕೊನೇ ಪಕ್ಕೆಲುಬು ಮುಟ್ಟಿ ನೋಡ್ಕೊಳ್ಳಿ, ಕೆಳಗೆ ಸೊಂಟದ ಮೂಳೆ ತುದಿ ಮುಟ್ಟಿ, ಎರಡರ ಮಧ್ಯಕ್ಕೆ ಬಾಲ್ ಪೆನ್ನಲ್ಲಿ ಗುರುತು ಹಾಕಿ. ಅದರ ಮೇಲೆ ಟೇಪು ಸುತ್ತಿ, ಕನ್ನಡಿ ಮುಂದೆ ಅಡ್ಡಡ್ಡ ತಿರುಗಿ, ಬೆನ್ನ ಹಿಂದೆ ಟೇಪು ಜಾರಿದ್ಯಾ ನೋಡಿ, ಹೆಚ್ಚಿನೋರದ್ದು ಜಾರಿರುತ್ತೆ. ಉಸಿರು ಮಾಮೂಲಾಗಿ ಬಿಟ್ಟು ಓದಿ, ಹೊಟ್ಟೆ ಒಳಗೆ ಎಳ್ಕೊಂಡ್ರೆ ಮೋಸ ಹೋಗೋದು ನೀವೇ. ಎರಡು ಸಲ ಅಳೀರಿ, ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಮೂರನೇ ಸಲ. 15 ದಿನಕ್ಕೊಮ್ಮೆ ಸಾಕು. ಟೈಲರ್ ಹತ್ರ ಇರೋ ಹಳೇ ಬಟ್ಟೆ ಟೇಪು ಹಿಗ್ಗಿರುತ್ತೆ, ಸ್ಟೀಲ್ ಸ್ಕೇಲ್ ಪಕ್ಕ ಇಟ್ಟು ಪರೀಕ್ಷೆ ಮಾಡಿ. ನಮ್ಮ ದೇಶದೋರಿಗೆ ಹೇಳೋ ಗಡಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80.

ಟೇಪಿಗೆ ಯಾಕಿಷ್ಟು ಮರ್ಯಾದೆ ಅಂದ್ರೆ, ದಿನಾ ಓಡೋರಲ್ಲಿ ಕರುಳಿನ ಸುತ್ತ ಕೂತಿರೋ ಕೊಬ್ಬು ತೂಕ ಅಲ್ಲಾಡದೇ ಇದ್ರೂ ಕರಗಬಹುದು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ತಮ್ಮದೇ ಫೋಟೋ ಹಾಕಿದ್ರು. ಇಬ್ಬರ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.3, ಆದ್ರೆ ಕೊಬ್ಬು ಯಾಜ್ಞಿಕರದ್ದು 21.2 ಪರ್ಸೆಂಟ್, ಯುಡ್ಕಿನ್‌ರದ್ದು 9.1. ಯುಡ್ಕಿನ್ ಮ್ಯಾರಥಾನ್ ಓಡ್ತಾರೆ, ಯಾಜ್ಞಿಕರ ಓಟ ಆಸ್ಪತ್ರೆ ಲಿಫ್ಟ್ ಬಾಗಿಲು ಮುಚ್ಚೋದ್ರೊಳಗೆ ಹತ್ತೋದಕ್ಕೆ ಮಾತ್ರ ಅಂತ ಅವರೇ ತಮಾಷೆ ಮಾಡ್ಕೊಂಡಿದ್ರು. ನಾವು ಭಾರತೀಯರು ಹುಟ್ಟಿನಿಂದ್ಲೇ ಸಣ್ಣ ಮೈಯಲ್ಲಿ ಕೊಬ್ಬು ಜಾಸ್ತಿ ಇಟ್ಕೊಳ್ಳೋರು ಅನ್ನೋದೂ ಅದರಲ್ಲಿತ್ತು.

ಹಂತ 5: ಬಸ್ಕಿ

ವಾರಕ್ಕೆರಡು ದಿನ ಬಸ್ಕಿ, ದಂಡ ಹೊಡೀರಿ, ಊಟದಲ್ಲಿ ಬೇಳೆ, ಕಾಳು, ಮೊಟ್ಟೆ ಜಾಸ್ತಿ ಮಾಡಿ. ಬರೀ ಓಡ್ತಾ ಊಟ ಬಿಟ್ರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತೆ, ಮೆಷಿನ್ನು ಅದಕ್ಕೂ ಶಹಬ್ಬಾಸ್ ಅನ್ನುತ್ತೆ.

ಹನ್ನೆರಡು ವಾರ ಹೀಗೆ ಮಾಡಿ. ನಮ್ಮ ಗುಂಪಲ್ಲಿ ಬ್ಯಾಂಕಿಂದ ರಿಟೈರ್ ಆದ ಒಬ್ಬರು ಎರಡು ಸಲ ಬಿಟ್ಟು ಹೋಗಿ ಮೂರನೇ ಸಲ ಟೇಪ್ ಹಿಡ್ಕೊಂಡು ಬಂದ್ರು. ಅಷ್ಟು ವಾರದಲ್ಲಿ ತೂಕ ಇಳಿದಿದ್ದು ಒಂದೇ ಕೆಜಿ, ಹೊಟ್ಟೆ ಸುತ್ತಳತೆ ಮಾತ್ರ 98ರಿಂದ 93ಕ್ಕೆ ಬಂತು, ಬೆಲ್ಟಿಗೆ ಮೊಳೆ ಹೊಡೆದು ಹೊಸ ತೂತು ಮಾಡಿದ್ರು. ಮೆಷಿನ್ನು ಈಗ ರದ್ದಿ ಪೇಪರ್ ತೂಗೋಕೆ ಇಟ್ಕೊಂಡಿದಾರಂತೆ, ರದ್ದಿಯೋನ ತಕ್ಕಡಿ ಮೇಲೆ ಅವರಿಗೆ ಮೊದಲಿಂದ್ಲೂ ಅನುಮಾನ.