ನಿನ್ನೆಯ ಬಿಲ್ ತಿದ್ದಿದ್ದು ಯಾರು? ಅಂಗಡಿಯ ಟ್ಯಾಲಿ ಲೆಕ್ಕ ಭದ್ರ ಮಾಡಿದ ನನ್ನ ಅನುಭವ

ದಾವಣಗೆರೆಯಲ್ಲಿ ಪೈಪು, ವೈರು, ಮೋಟರ್ ಮಾರುವ ಒಂದು ಹೋಲ್‌ಸೇಲ್ ಅಂಗಡಿಯ ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ಓದಿದ್ದು ಬಿಕಾಂ, ಕಂಪ್ಯೂಟರ್ ಅಲ್ಲ. ಆದರೂ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿರುವ ಡೇಟಾದ ಜವಾಬ್ದಾರಿ ಪೂರ್ತಿ ನನ್ನದೇ. ಡೇಟಾ ಸೆಕ್ಯೂರಿಟಿ ಅಂದ ತಕ್ಷಣ ಎಲ್ಲರೂ ಹ್ಯಾಕರ್, ವೈರಸ್ ಅಂತಾರೆ. ಅದೂ ಇದೆ, ಮುಂದೆ ಹೇಳುತ್ತೇನೆ. ಆದರೆ ನಮ್ಮಂಥ ಅಂಗಡಿಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ನಿನ್ನೆ ಹಾಕಿದ ಎಂಟ್ರಿಯನ್ನು ಇವತ್ತು ಯಾರ್ಯಾರು ಬದಲಿಸಬಹುದು? ಬದಲಿಸಿದರೆ ನಮಗೆ ಗೊತ್ತಾಗುತ್ತಾ?

ನಾನು ಕೆಲಸಕ್ಕೆ ಸೇರಿದಾಗ ಇಡೀ ಅಂಗಡಿಗೆ ಒಂದೇ ಲಾಗಿನ್ ಇತ್ತು. ಕೌಂಟರ್ ಹುಡುಗರು, ಗೋಡೌನ್‌ನವರು, ಸಾಹುಕಾರರು, ಎಲ್ಲರೂ ಅದರಲ್ಲೇ ಕೆಲಸ ಮಾಡುತ್ತಿದ್ದರು. ಪಾಸ್‌ವರ್ಡ್ ಅಂಗಡಿಯ ಹೆಸರೇ. ಬಹಳ ಕಡೆ ಹೀಗೇ ಇರುತ್ತದೆ, ಯಾರಿಗೂ ತಪ್ಪು ಅನಿಸುವುದಿಲ್ಲ.

ತಪ್ಪು ಕಂಡಿದ್ದು ಹರಿಹರದ ಒಬ್ಬ ಕಾಂಟ್ರಾಕ್ಟರ್ ಬಿಲ್ ಹಿಡಿದುಕೊಂಡು ಬಂದಾಗ. ಅವರ ಕೈಯಲ್ಲಿದ್ದ ಪ್ರಿಂಟ್ ಮೇಲೆ 412 ಅಂತ ನಂಬರ್. ನಮ್ಮ ಟ್ಯಾಲಿಯಲ್ಲಿ 412 ಬೇರೆ ಯಾರದ್ದೋ ಬಿಲ್, ಅವರದ್ದು 411 ಆಗಿತ್ತು. ಜಿಎಸ್‌ಟಿಯಲ್ಲೂ ನಾವು 411 ಅಂತಲೇ ಸಲ್ಲಿಸಿದ್ದೆವು. ಮಾರಿದವರು ಸಲ್ಲಿಸಿದ ಬಿಲ್ಲುಗಳು ಕೊಂಡವರಿಗೆ ಕಾಣುವ ಜಿಎಸ್‌ಟಿ ಪಟ್ಟಿಗೆ 2ಬಿ ಸ್ಟೇಟ್‌ಮೆಂಟ್ ಅಂತಾರೆ. ಅದರಲ್ಲಿ ನಂಬರ್ ತಾಳೆ ಆಗದೆ ಅವರ ಆಡಿಟರ್ ಆ ಬಿಲ್ಲಿನ ತೆರಿಗೆ ಕ್ರೆಡಿಟ್ ತೆಗೆದುಕೊಳ್ಳಲು ಒಪ್ಪಿರಲಿಲ್ಲ. ಕಾರಣ ಇಷ್ಟೇ. ಯಾರೋ ನಡುವಿನ ಒಂದು ಬಿಲ್ಲನ್ನು ಡಿಲೀಟ್ ಮಾಡಿದ್ದರು. ನಂಬರ್ ತಾನಾಗಿಯೇ ಬರುವಂತೆ ಇಟ್ಟಿದ್ದರಿಂದ ಅದರ ನಂತರದ ಬಿಲ್ಲುಗಳೆಲ್ಲ ಒಂದೊಂದು ನಂಬರ್ ಕೆಳಗೆ ಜರುಗಿ ಆ ಖಾಲಿ ಜಾಗ ತುಂಬಿಕೊಂಡಿದ್ದವು.

ಅನುಮಾನ ಹೋಗಿದ್ದು ಕೌಂಟರ್‌ನ ಹೊಸ ಹುಡುಗನ ಮೇಲೆ. ದುಡ್ಡು ಇಸಿದುಕೊಂಡು ಬಿಲ್ ಅಳಿಸಿದ್ದಾನೆ ಅಂತ ಮಾತು ಶುರುವಾಯಿತು. ಅವನು ಅಲ್ಲ ಅಂದ. ಆದರೆ ಅಲ್ಲ ಅಂತ ತೋರಿಸಲು ಅವನ ಹತ್ತಿರ ಏನಿದೆ? ಸಾಫ್ಟ್‌ವೇರ್‌ನಲ್ಲಿ ಎಲ್ಲರೂ ಒಂದೇ ಹೆಸರಿನವರು. ನಾನು ಪೆನ್‌ಡ್ರೈವ್‌ನಲ್ಲಿದ್ದ ದಿನದಿನದ ಬ್ಯಾಕಪ್‌ಗಳನ್ನು ಬೇರೆ ಕಂಪ್ಯೂಟರಿನಲ್ಲಿ ಒಂದೊಂದಾಗಿ ತೆರೆದು ನೋಡಿದೆ. ಒಂದು ಸಂಜೆಯ ಬ್ಯಾಕಪ್‌ನಲ್ಲಿ ಆ ಬಿಲ್ ಇತ್ತು, ಮರುದಿನ ಸಂಜೆಯದರಲ್ಲಿ ಇರಲಿಲ್ಲ. ಆ ದಿನ ಹುಡುಗ ರಜೆ ಹಾಕಿ ಊರಿಗೆ ಹೋಗಿದ್ದ. ಮಾಲು ವಾಪಸ್ ಬಂದ ಬಿಲ್ ಅದು, ಅಷ್ಟೇ. ಡಿಲೀಟ್ ಮಾಡಿದ್ದು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಆದರೆ ಆ ಹುಡುಗ ಕೆಲವು ದಿನ ತಲೆ ತಗ್ಗಿಸಿಕೊಂಡು ಓಡಾಡಿದ್ದನ್ನು ನಾನು ನೋಡಿದ್ದೇನೆ. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಬೇಕೇ ಬೇಕು ಅಂತ ನಾನು ಹಟ ಹಿಡಿದಿದ್ದು ಆಗಲೇ. ಸಾಹುಕಾರರು "ನಮ್ಮ ಹುಡುಗ್ರ ಮೇಲೆ ನಂಬಿಕೆ ಇಲ್ವೇನ್ ಮೇಡಂ?" ಅಂತ ಕೇಳಿದರು. ನಂಬಿಕೆ ಇರುವುದಕ್ಕೇ ಕೇಳುತ್ತಿದ್ದೇನೆ ಸರ್, ಪ್ರಾಮಾಣಿಕ ಇರುವವರಿಗೆ ಸಾಕ್ಷಿ ಬೇಕು ಅಂದೆ. ಒಪ್ಪಿದರು.

ಈಗ ಒಬ್ಬರಿಗೆ ಒಂದು ಹೆಸರು, ಅವರದೇ ಪಾಸ್‌ವರ್ಡ್. ಕೌಂಟರ್‌ನವರು ಬಿಲ್ ಹಾಕಬಹುದು, ಸ್ಟಾಕ್ ನೋಡಬಹುದು. ಹಾಕಿದ ಬಿಲ್ ತಿದ್ದಲು, ಅಳಿಸಲು ಆಗುವುದಿಲ್ಲ. ಗೋಡೌನ್‌ನವರಿಗೆ ಪಾರ್ಟಿಗಳ, ಅಂದರೆ ನಮ್ಮ ಜೊತೆ ವ್ಯವಹಾರ ಮಾಡುವವರ, ಬಾಕಿ ಕಾಣುವುದಿಲ್ಲ, ಅವರಿಗೆ ಅದು ಬೇಕಾಗಿಯೂ ಇಲ್ಲ. ಹಿಂದಿನ ದಿನಾಂಕಕ್ಕೆ ಎಂಟ್ರಿ ಹಾಕುವುದಕ್ಕೆ ಮಿತಿ ಇದೆ. ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ರಿಟರ್ನ್, ಸಲ್ಲಿಸಿದ ಮೇಲೆ ಹೋದ ತಿಂಗಳಿಗೆ ಮತ್ತೆ ಎಂಟ್ರಿ ಹಾಕಲು ಆಗದಂತೆ ಕಟ್-ಆಫ್ ದಿನಾಂಕ ಹಾಕಿಬಿಡುತ್ತೇನೆ. ಯಾರಾದರೂ ಕೆಲಸ ಬಿಟ್ಟರೆ ಅವತ್ತು ಸಂಜೆಯೇ ಅವರ ಲಾಗಿನ್ ಬಂದ್. ಅಡ್ಮಿನ್ ಲಾಗಿನ್‌ನಲ್ಲಿ ನಾನೂ ದಿನದ ಕೆಲಸ ಮಾಡುವುದಿಲ್ಲ. ಬಿಲ್ ರದ್ದು ಮಾಡಬೇಕಾದರೆ ಆಲ್ಟ್ ಎಕ್ಸ್ ಒತ್ತಿ ಕ್ಯಾನ್ಸಲ್ ಮಾಡಬೇಕು, ಆಗ ನಂಬರ್ ಅಲ್ಲೇ ಉಳಿಯುತ್ತದೆ. ಆಲ್ಟ್ ಡಿ, ಅಂದರೆ ಡಿಲೀಟ್, ನಮ್ಮಲ್ಲಿ ಯಾರೂ ಮುಟ್ಟುವ ಹಾಗಿಲ್ಲ. ಟ್ಯಾಲಿಪ್ರೈಮ್ 3.0 ಬಂದ ಮೇಲೆ ನಡುವೆ ಬಿಲ್ ಹೋದರೂ ಉಳಿದವುಗಳ ನಂಬರ್ ಬದಲಾಗದಂತೆ ಇಡುವ ಆಯ್ಕೆ ವೋಚರ್ ಟೈಪ್‌ನಲ್ಲೇ ಇದೆ (ಟ್ಯಾಲಿಯಲ್ಲಿ ಬಿಲ್, ರಸೀದಿ ಇಂಥ ಪ್ರತಿ ಎಂಟ್ರಿಗೂ ವೋಚರ್ ಅಂತಾರೆ). ನೀವು ಹಳೆಯ ಕಾಲದಿಂದ ಡೇಟಾ ತಂದಿದ್ದರೆ ಇವತ್ತೇ ಹೋಗಿ ಅದು ಹೇಗಿದೆ ನೋಡಿ. ಜಿಎಸ್‌ಟಿ ನಿಯಮದ ಪ್ರಕಾರ ಬಿಲ್ ನಂಬರ್ ಸಾಲಾಗಿ ಬರಬೇಕು, ಒಂದು ಹಣಕಾಸು ವರ್ಷದಲ್ಲಿ ಒಂದೇ ನಂಬರ್ ಎರಡು ಸಲ ಬರಬಾರದು, 16 ಅಕ್ಷರ ದಾಟಬಾರದು.

ಆಮೇಲೆ ಎಡಿಟ್ ಲಾಗ್. ಯಾವ ವೋಚರ್, ಯಾವ ಲೆಡ್ಜರ್, ಯಾರು, ಯಾವಾಗ ತಿದ್ದಿದರು, ಮೊದಲು ಏನಿತ್ತು, ಈಗ ಏನಾಗಿದೆ, ಎಲ್ಲ ಅದರಲ್ಲಿ ಉಳಿಯುತ್ತದೆ. ಕಂಪನಿ ಕಾಯ್ದೆಗೆ ಒಳಪಟ್ಟ ಕಂಪನಿಗಳು ಲೆಕ್ಕಕ್ಕೆ ಬಳಸುವ ಸಾಫ್ಟ್‌ವೇರ್‌ನಲ್ಲಿ ಇಂಥ ಆಡಿಟ್ ಟ್ರಯಲ್ ಇರಲೇಬೇಕು, ಅದನ್ನು ಆಫ್ ಮಾಡಲು ಆಗಬಾರದು ಅನ್ನುವ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಮ್ಮದು ಪಾರ್ಟ್ನರ್‌ಶಿಪ್, ನಮಗೆ ಅದು ಕಡ್ಡಾಯವಲ್ಲ. ಆದರೂ ಹಾಕಿಸಿಕೊಂಡೆವು. ಹಿಂದೆ ಕೀರ್ದಿ ಪುಸ್ತಕ ಬರೆಯುತ್ತಿದ್ದವರು ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ ಹಾಕುತ್ತಿದ್ದರು, ಹಾಳೆ ಹರಿಯುತ್ತಿರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಆ ಶಿಸ್ತು ಬಿಟ್ಟುಹೋಗಿತ್ತು, ಅದನ್ನು ವಾಪಸ್ ತರಬೇಕಿತ್ತು ಅಷ್ಟೇ. ಶನಿವಾರ ಸಂಜೆ ನಾನು, ಸಾಹುಕಾರರು ಕೂತು ಆ ವಾರ ತಿದ್ದಿದ ವೋಚರ್‌ಗಳನ್ನು ನೋಡುತ್ತೇವೆ. ಜಾಸ್ತಿ ಹೊತ್ತು ಬೇಕಾಗುವುದಿಲ್ಲ. ನಾನು ತಿದ್ದಿದ್ದೂ ಅದರಲ್ಲಿ ಬರುತ್ತದೆ, ಬರಬೇಕು.

ಆದರೆ ಲಾಗ್ ಒಂದನ್ನೇ ನಂಬಿ ಕೂರಬೇಡಿ. ಇದು ನನಗೆ ಬಹಳ ಮುಖ್ಯ ಅನಿಸಿದ ವಿಷಯ, ಯಾರೂ ಹೇಳಿಕೊಡುವುದಿಲ್ಲ. ಲಾಗ್ ಇರುವುದು ಆ ಡೇಟಾ ಫೋಲ್ಡರ್ ಒಳಗೇ. ಆ ಫೋಲ್ಡರ್ ಮುಟ್ಟಲು ಸಾಧ್ಯ ಇರುವವರು ಇಡೀ ಫೋಲ್ಡರ್ ತೆಗೆದು ಮೊನ್ನೆಯ ಬ್ಯಾಕಪ್ ಕೂರಿಸಿದರೆ ಎರಡು ದಿನದ ಎಂಟ್ರಿಯೂ ಹೋಯಿತು, ಅದರ ಲಾಗೂ ಹೋಯಿತು. ಅದಕ್ಕೆ ಕೆಲವು ಅಂಕಿಗಳು ಸಾಫ್ಟ್‌ವೇರ್‌ನ ಹೊರಗೆ ಇರಬೇಕು. ನಾವು ದಿನಾ ಅಂಗಡಿ ಬಾಗಿಲು ಹಾಕುವ ಮುಂಚೆ ಕೊನೆಯ ಬಿಲ್ ನಂಬರ್, ದಿನದ ಮಾರಾಟ, ಕೈಯಲ್ಲಿರುವ ರೊಕ್ಕ, ಒಟ್ಟು ಉದ್ರಿ ಬಾಕಿ, ಈ ನಾಲ್ಕನ್ನು ಸಾಹುಕಾರರ ವಾಟ್ಸಾಪ್‌ಗೆ ಕಳಿಸುತ್ತೇವೆ. ಒಂದು ನೋಟ್‌ಬುಕ್‌ನಲ್ಲೂ ಬರೆದು ಸಹಿ ಹಾಕುತ್ತೇವೆ. ಆರು ತಿಂಗಳು ಬಿಟ್ಟು ಟ್ಯಾಲಿಯಲ್ಲಿ ಆ ದಿನದ ಡೇಬುಕ್, ಅಂದರೆ ದಿನದ ಎಂಟ್ರಿಗಳ ಪಟ್ಟಿ, ತೆಗೆದರೂ ಆ ಅಂಕಿ ಬರಬೇಕು. ಬರದಿದ್ದರೆ ನಡುವೆ ಯಾರೋ ಕೈ ಹಾಕಿದ್ದಾರೆ, ಯಾಕೆ ಅಂತ ಎಡಿಟ್ ಲಾಗ್‌ನಲ್ಲಿ ಹುಡುಕಬೇಕು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವುದು, ಕೂಡ ಇಂಥದ್ದೇ ಹೊರಗಿನ ಸಾಕ್ಷಿ. 2023ರ ಆಗಸ್ಟ್ 1ರಿಂದ 5 ಕೋಟಿ ವಹಿವಾಟು ದಾಟಿದವರಿಗೆ ಅದು ಬಂತು. ಬಿಲ್‌ಗೆ ಬರುವ ಐಆರ್‌ಎನ್ ಅನ್ನುವ 64 ಅಕ್ಷರದ ನಂಬರ್, ಮಾರುವವರ ಜಿಎಸ್‌ಟಿ ನಂಬರ್, ಬಿಲ್ ನಂಬರ್, ಬಿಲ್‌ನ ಬಗೆ, ಹಣಕಾಸು ವರ್ಷ ಇವುಗಳಿಂದ ಲೆಕ್ಕ ಹಾಕಿ ಬರುವಂಥದ್ದು. ಅದು ಬಂದ ಮೇಲೆ ನಮ್ಮ ಕಂಪ್ಯೂಟರಿನಲ್ಲಿ ಏನೇ ತಿದ್ದಿದರೂ ಪೋರ್ಟಲ್‌ನಲ್ಲಿ ಮೊದಲಿನದೇ ಇರುತ್ತದೆ. ರದ್ದು ಮಾಡಲು 24 ಗಂಟೆ ಮಾತ್ರ ಸಮಯ. ಆಮೇಲೆ ಆ ಮೊತ್ತ ಕಡಿಮೆ ಮಾಡುವ ಬೇರೆ ದಾಖಲೆ, ಅಂದರೆ ಕ್ರೆಡಿಟ್ ನೋಟ್, ಹಾಕಬೇಕು. ಕೆಲವರು ಇದನ್ನು ಕಿರಿಕಿರಿ ಅಂತಾರೆ, ನನಗಂತೂ ಇದರಿಂದ ನೆಮ್ಮದಿಯೇ ಆಗಿದೆ.

ಇನ್ನು ಆ ಫೋಲ್ಡರ್ ವಿಷಯ. ಹಲವರು ಒಟ್ಟಿಗೆ ಬಳಸುವ ಮಲ್ಟಿಯೂಸರ್ ಟ್ಯಾಲಿ ಹಾಕಿಕೊಂಡ ಬಹಳ ಅಂಗಡಿಗಳಲ್ಲಿ ಡೇಟಾ ಫೋಲ್ಡರನ್ನು ನೆಟ್‌ವರ್ಕ್‌ನಲ್ಲಿ ಎಲ್ಲರಿಗೂ ಪೂರ್ತಿ ಶೇರ್ ಮಾಡಿರುತ್ತಾರೆ. ಟ್ಯಾಲಿಯಲ್ಲಿ ಎಷ್ಟೇ ಪಾಸ್‌ವರ್ಡ್ ಹಾಕಿ, ಪೆನ್‌ಡ್ರೈವ್ ಚುಚ್ಚಿ ಫೋಲ್ಡರನ್ನೇ ಕಾಪಿ ಮಾಡಿಕೊಂಡು ಹೋಗಬಹುದು. ನಮ್ಮ ಪಾರ್ಟಿಗಳ ಪಟ್ಟಿ, ಯಾರಿಗೆ ಯಾವ ರೇಟು, ಯಾರ ಬಾಕಿ ಎಷ್ಟು, ಎಲ್ಲ ಅದರಲ್ಲೇ ಇದೆಯಲ್ವಾ? ಅದಕ್ಕೆ ಟ್ಯಾಲಿವಾಲ್ಟ್ ಹಾಕಿದೆವು. ಅದು ಡೇಟಾವನ್ನೇ ಗೂಢಲಿಪಿ ಮಾಡಿಬಿಡುತ್ತದೆ, ಪಾಸ್‌ವರ್ಡ್ ಇಲ್ಲದೆ ಕಾಪಿ ಮಾಡಿದ ಫೋಲ್ಡರ್ ತೆರೆಯಲು ಆಗುವುದಿಲ್ಲ. ಆದರೆ ಆ ಪಾಸ್‌ವರ್ಡ್ ಮರೆತರೆ ನಮಗೂ ಆಗುವುದಿಲ್ಲ, ಟ್ಯಾಲಿ ಕಂಪನಿಯವರೂ ತೆಗೆದುಕೊಡಲಾರರು. ಬರೆದು ಲಕೋಟೆಯಲ್ಲಿ ಹಾಕಿ ಅರಗು ಹಚ್ಚಿ ಸಾಹುಕಾರರ ಬ್ಯಾಂಕ್ ಲಾಕರಿನಲ್ಲಿ ಇಟ್ಟಿದ್ದೇವೆ. ಕೌಂಟರ್ ಕಂಪ್ಯೂಟರುಗಳಲ್ಲಿ ವಿಂಡೋಸ್ ಅಡ್ಮಿನ್ ಅಧಿಕಾರ ಯಾರಿಗೂ ಇಲ್ಲ, ಯುಎಸ್‌ಬಿಗೆ ಪೆನ್‌ಡ್ರೈವ್ ಹಾಕಿದರೆ ತೆರೆಯುವುದಿಲ್ಲ. ದುಡ್ಡು ಹಾಕಲು ತಯಾರಿದ್ದರೆ ಟ್ಯಾಲಿಪ್ರೈಮ್ ಸರ್ವರ್ ಅಂತ ಬೇರೆಯೇ ಇದೆ, ಅದರಲ್ಲಿ ಬಳಸುವವರಿಗೆ ಫೋಲ್ಡರ್ ಕೊಡುವ ಅಗತ್ಯವೇ ಬೀಳುವುದಿಲ್ಲ.

ಬ್ಯಾಕಪ್ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಎರಡೇ ಮಾತು ಸೇರಿಸುತ್ತೇನೆ. ಒಂದು, ಬ್ಯಾಕಪ್ ಡಿಸ್ಕ್ ಯಾವಾಗಲೂ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರಬಾರದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ರಾನ್ಸಮ್‌ವೇರ್, ಅಂದರೆ ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ಪ್ರೋಗ್ರಾಂ, ಜಗತ್ತಿನ ಎಲ್ಲ ಕಡೆ ಹರಡಿತ್ತು, ನೆನಪಿರಬಹುದು. ಅಂಥವು ಒಂದು ಸಲ ಒಳಗೆ ಬಂದರೆ ಕೈಗೆ ಸಿಕ್ಕ ಡ್ರೈವ್‌ಗಳನ್ನೆಲ್ಲ ಲಾಕ್ ಮಾಡುತ್ತವೆ, ಚುಚ್ಚಿಟ್ಟ ಬ್ಯಾಕಪ್ಪೂ ಅದರ ಜೊತೆ ಹೋಗುತ್ತದೆ. ನಮ್ಮಲ್ಲಿ ಎರಡು ಡಿಸ್ಕ್ ಇವೆ, ಒಂದು ಅಂಗಡಿಯಲ್ಲಿ, ಒಂದು ಸಾಹುಕಾರರ ಮನೆಯಲ್ಲಿ, ವಾರಕ್ಕೊಮ್ಮೆ ಅದಲುಬದಲು. ಇದರ ಜೊತೆ ಇಂಟರ್ನೆಟ್‌ನಲ್ಲಿ ಒಂದು ಪ್ರತಿ. ಎರಡು, ತೆಗೆದ ಬ್ಯಾಕಪ್ ತೆರೆಯುತ್ತಾ ಅಂತ ನೋಡಬೇಕು. ತಿಂಗಳಿಗೊಮ್ಮೆ ಹಳೆಯ ಲ್ಯಾಪ್‌ಟಾಪ್‌ನಲ್ಲಿ ರಿಸ್ಟೋರ್ ಮಾಡಿ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿ ಪಟ್ಟಿ), ಕ್ಲೋಸಿಂಗ್ ಸ್ಟಾಕ್ ಸರಿ ಬರುತ್ತಾ ನೋಡಿ, ಕೊನೆಯ ಬಿಲ್ ನಂಬರನ್ನು ಆ ನೋಟ್‌ಬುಕ್ ಜೊತೆ ತಾಳೆ ನೋಡುತ್ತೇನೆ. ಕೆಲಸ ಮಾಡುವ ಕಂಪ್ಯೂಟರಿನಲ್ಲಿ ಅದೇ ಫೋಲ್ಡರಿಗೆ ಮಾತ್ರ ರಿಸ್ಟೋರ್ ಮಾಡಬೇಡಿ, ಇವತ್ತಿನ ಡೇಟಾ ಮೇಲೆ ಹಳೆಯದು ಕೂತುಬಿಡುತ್ತದೆ. ಬ್ಯಾಕಪ್ ತೆಗೆಯುವಾಗ ಎಲ್ಲರೂ ಹೊರಗೆ ಬಂದಿರಬೇಕು. ಕೌಂಟರ್‌ನಲ್ಲಿ ಬಿಲ್ ಹೊಡೆಯುತ್ತಿರುವಾಗ ಫೋಲ್ಡರ್ ಕಾಪಿ ಮಾಡಿದರೆ ಅರ್ಧಂಬರ್ಧ ಡೇಟಾ ಸಿಗುತ್ತದೆ.

ಕರೆಂಟ್ ಹೋಗುವ ಊರಿನಲ್ಲಿ ಯುಪಿಎಸ್ ಬರೀ ಸರ್ವರಿಗೆ ಇದ್ದರೆ ಸಾಲದು, ನಡುವಿನ ನೆಟ್‌ವರ್ಕ್ ಸ್ವಿಚ್‌ಗೂ ಬೇಕು. ಬಿಲ್ ಹಾಕುವ ಕಂಪ್ಯೂಟರಿಗೆ ವೈಫೈ ಬೇಡ, ವೈರ್ ಎಳೆಸಿ. ಅಷ್ಟಾದರೂ ಡೇಟಾ ಕೆಟ್ಟು ಎರರ್ ಬಂದರೆ ಗಾಬರಿಯಲ್ಲಿ ರಿಪೇರಿ ಒತ್ತಬಾರದು. ಮೊದಲು ಕೆಟ್ಟ ಫೋಲ್ಡರನ್ನೇ ಇದ್ದ ಹಾಗೆ ಬೇರೆ ಕಡೆ ಕಾಪಿ ಮಾಡಿ, ಆಮೇಲೆ ರಿಪೇರಿ. ರಿಪೇರಿಯಲ್ಲಿ ಕೆಟ್ಟ ವೋಚರ್ ಬಿದ್ದುಹೋಗಬಹುದು, ಮುಗಿದ ಮೇಲೆ ಅಂಕಿ ತಾಳೆ ನೋಡಲೇಬೇಕು.

ಹೊರಗಿನಿಂದ ಬರುವ ಅಪಾಯದಲ್ಲಿ ನಮಗೆ ಹತ್ತಿರದ್ದು ರಿಮೋಟ್ ಕೆಲಸ, ಅಂದರೆ ಬೇರೆಯವರು ದೂರದಿಂದ ನಮ್ಮ ಕಂಪ್ಯೂಟರ್ ತೆರೆದು ಮಾಡುವ ಕೆಲಸ. ಒಬ್ಬ ಸರ್ವೀಸ್‌ನವರು ಸುಮ್ನೆ ತಮ್ಮ ಅನುಕೂಲಕ್ಕೆ ಸರ್ವರಿನಲ್ಲಿ ರಿಮೋಟ್ ಸಾಫ್ಟ್‌ವೇರ್ ಹಾಕಿ ಖಾಯಂ ಪಾಸ್‌ವರ್ಡ್ ಇಟ್ಟಿದ್ದರು, ರೌಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ದಾರಿ, ಕೂಡ ತೆರೆದಿದ್ದರು. ಆ ಪೋರ್ಟನ್ನು ಹುಡುಕಿಕೊಂಡು ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಇಂಟರ್ನೆಟ್‌ನಲ್ಲಿ ಹಗಲೂ ರಾತ್ರಿ ಓಡುತ್ತಿರುತ್ತವೆ. ಎರಡನ್ನೂ ತೆಗೆಸಿದೆ. ಈಗ ಅವರಿಗೆ ಕೆಲಸ ಇದ್ದಾಗ ಫೋನ್ ಮಾಡುತ್ತಾರೆ, ನಾನು ಒಪ್ಪಿಗೆ ಒತ್ತುತ್ತೇನೆ, ಮುಗಿಯುವವರೆಗೂ ಪಕ್ಕದಲ್ಲೇ ಕೂತಿರುತ್ತೇನೆ.

ಇನ್ನೊಂದು, ಪಾರ್ಟಿಯ ಬ್ಯಾಂಕ್ ಖಾತೆ ನಂಬರ್. ನಮಗೆ ಮಾಲು ಕೊಡುವ ಕಂಪನಿಯ ಹೆಸರಿನಲ್ಲಿ ಮೇಲ್ ಬರುತ್ತದೆ, ನಮ್ಮ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಾಕಿ ಅಂತ. ಲೆಡ್ಜರಿನಲ್ಲಿ ಆ ಒಂದು ನಂಬರ್ ಬದಲಾದರೆ ಲಕ್ಷಗಟ್ಟಲೆ ಬೇರೆಯವರಿಗೆ ಹೋಗುತ್ತದೆ. ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ, ನಮ್ಮ ಹತ್ತಿರ ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಿದ ಮೇಲೇ ಬದಲಾವಣೆ, ಅದೂ ಇಬ್ಬರು ನೋಡಿ. ದುಡ್ಡು ಹೋಗಿಯೇಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ. ಮಾಲು ಸಾಗಿಸಲು ಬೇಕಾಗುವ ಇ-ವೇ ಬಿಲ್‌ನ ಪೋರ್ಟಲ್‌ಗೂ 2025ರ ಏಪ್ರಿಲ್‌ನಿಂದ ಎಲ್ಲರಿಗೂ ಒಟಿಪಿ ಬಂತು. ಸಾಹುಕಾರರ ಫೋನಿಗೆ ಒಟಿಪಿ ಹೋಗಿ ಅವರು ಎಲ್ಲರಿಗೂ ಓದಿ ಹೇಳುತ್ತಾ ಕೂರುವ ಬದಲು ಒಬ್ಬೊಬ್ಬರ ಮೊಬೈಲ್‌ಗೆ ಸಬ್ ಯೂಸರ್ ಮಾಡಿಕೊಟ್ಟೆವು.

ಹಳೆಯ ವರ್ಷಗಳ ಡೇಟಾ ಬಗ್ಗೆ ಒಂದು ಮಾತು. ಜಿಎಸ್‌ಟಿ ಕಾಯ್ದೆ ಪ್ರಕಾರ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಲೆಕ್ಕ ಇಟ್ಟುಕೊಂಡಿರಬೇಕು. ಅಷ್ಟರಲ್ಲಿ ಸಾಫ್ಟ್‌ವೇರ್ ಎಷ್ಟು ಸಲ ಬದಲಾಗುತ್ತದೋ. ಅದಕ್ಕೆ ಮಾರ್ಚ್ ಮುಗಿದು ಆಡಿಟ್ ಆದ ಮೇಲೆ ಆ ವರ್ಷದ ಬ್ಯಾಕಪ್ ಜೊತೆ ಡೇಬುಕ್, ಎಲ್ಲ ಲೆಡ್ಜರ್, ಸ್ಟಾಕ್ ಪಟ್ಟಿಗಳನ್ನು ಪಿಡಿಎಫ್ ಮಾಡಿ ಇಡುತ್ತೇನೆ.

ಸದ್ಯ ಬಾಕಿ ಇರುವುದು ಗೋಡೌನ್. ಲೆಕ್ಕದಲ್ಲಿರುವ ಸ್ಟಾಕು, ಅಟ್ಟದ ಮೇಲಿನ ಸ್ಟಾಕು ಇನ್ನೂ ಪೂರ್ತಿ ತಾಳೆ ಆಗುತ್ತಿಲ್ಲ, ಅದರಲ್ಲೂ ತುಂಡು ಮಾಡಿ ಮಾರುವ ವೈರು. ವಾರಕ್ಕೆ ಕೆಲವು ಐಟಂ ಆರಿಸಿ ಎಣಿಸಲು ಶುರು ಮಾಡಿದ್ದೇವೆ. ಎಣಿಸುವ ಕೆಲಸ ಕೇಳಿ ತಗೊಂಡವನು ಆ ಹುಡುಗನೇ, ಈಗ ಅವನೇ ಕೌಂಟರ್ ಹೆಡ್. ವ್ಯತ್ಯಾಸ ಬಂದರೆ ಅವತ್ತೇ ಕಾರಣ ಸಮೇತ ತನ್ನ ಲಾಗಿನ್‌ನಲ್ಲೇ ಎಂಟ್ರಿ ಹಾಕುತ್ತಾನೆ.