ಬಸ್ಸಿಗೂ ಆಸ್ಪತ್ರೆಗೂ ಗಂಟೆ ಹೊಂದಿಸುವುದು: ಗ್ರಾಮ ಪಂಚಾಯಿತಿ ಸದಸ್ಯರಿಗೊಂದು ಕೈಪಿಡಿ

ಆಸ್ಪತ್ರೆಯಲ್ಲಿ ಚೀಟಿ ಕೊಡುವುದು ಮುಗಿದ ಮೇಲೆ ಊರಿನ ಬಸ್ಸು ಅಲ್ಲಿಗೆ ತಲುಪುವುದಾದರೆ, ಆ ಊರಿನ ಪಾಲಿಗೆ ಡಾಕ್ಟರು ಇದ್ದೂ ಇಲ್ಲ. ಬಸ್ಸಿನ ಬೇಡಿಕೆ ಸಾರಿಗೆ ನಿಗಮದ ಘಟಕಕ್ಕೂ (ಡಿಪೊ) ಡಾಕ್ಟರ ಬೇಡಿಕೆ ಆರೋಗ್ಯ ಇಲಾಖೆಗೂ ಬೇರೆ ಬೇರೆಯಾಗಿ ಹೋಗಬೇಕು, ಅದು ನಿಜ. ಆದರೆ ಸದಸ್ಯರ ತಲೆಯಲ್ಲಿ ಎರಡೂ ಒಂದೇ ಲೆಕ್ಕವಾಗಿರಬೇಕು. "ನಮ್ಮೂರಿಗೆ ಬಸ್ಸು ಬೇಕು, ಆಸ್ಪತ್ರೆ ಸರಿಯಿಲ್ಲ" ಎಂಬ ಮನವಿಗೆ "ಪರಿಶೀಲಿಸಲಾಗುವುದು" ಎಂಬ ಉತ್ತರ ಬಂದೇ ಬರುತ್ತದೆ. ಅಧಿಕಾರಿ ತನ್ನ ಮೇಜಿನ ಮೇಲೇ ತೀರ್ಮಾನಿಸಬಹುದಾದಷ್ಟು ಚಿಕ್ಕದಾಗಿ, ಖಚಿತವಾಗಿ ಕೇಳಿದರೆ ಕೆಲಸ ಆಗುವ ಸಾಧ್ಯತೆ ಹೆಚ್ಚು.

ಮೊದಲು ಎಣಿಸಿ

ಮೂರು ಬಗೆಯ ದಿನ ಎಣಿಕೆ ಮಾಡಿ: ಶಾಲೆಯಿರುವ ಒಂದು ಸಾಮಾನ್ಯ ದಿನ, ಸಂತೆ ದಿನ, ಒಂದು ಭಾನುವಾರ. ಬೆಳಿಗ್ಗೆ 6.30ರಿಂದ 10, ಮಧ್ಯಾಹ್ನ 3.30ರಿಂದ 7ರವರೆಗೆ ಇಬ್ಬರು ನಿಲ್ದಾಣದಲ್ಲಿ ಕೂತರೆ ಸಾಕು. ಹಾಳೆಯಲ್ಲಿ ಇಷ್ಟು ಅಂಕಣ: ಸಮಯ, ಎಲ್ಲಿಗೆ, ಯಾಕೆ (ಶಾಲೆ, ಆಸ್ಪತ್ರೆ, ಕೆಲಸ, ಸಂತೆ), ಹೆಂಗಸರು, ಗಂಡಸರು, ವಿದ್ಯಾರ್ಥಿಗಳು, ಕೊನೆಗೆ ಹೇಗೆ ಹೋದರು. ಈ ಕೊನೆಯ ಅಂಕಣವೇ ಮುಖ್ಯ. ಆಟೊ, ಟೆಂಪೊ, ಯಾರದೋ ಬೈಕಿನ ಹಿಂದೆ, ನಡೆದು: ಬಸ್ಸಿಲ್ಲದೆ ಹೀಗೆ ಹೋದವರೇ ನಾಳೆ ಬಸ್ಸು ಹತ್ತುವವರು.

ಅದೇ ಹಾಳೆಯ ಹಿಂಬದಿಗೆ ಆಸ್ಪತ್ರೆಯ ಗೋಡೆ ಮೇಲೆ ಬರೆದಿರುವ ಹೊರರೋಗಿ ಸಮಯ, ಡಾಕ್ಟರು ನಿಜವಾಗಿ ಕೂರುವ ಸಮಯ, ಲ್ಯಾಬಿನ ಸಮಯ ಬರೆದುಕೊಳ್ಳಿ. ಗುರುವಾರ ಲಸಿಕೆ ದಿನ, ಪ್ರತಿ ತಿಂಗಳ 9ನೇ ತಾರೀಕು ಗರ್ಭಿಣಿಯರ ವಿಶೇಷ ತಪಾಸಣೆ. ಈ ಎರಡು ದಿನ ಕೂಸನ್ನು ಎತ್ತಿಕೊಂಡವರು, ತುಂಬು ಗರ್ಭಿಣಿಯರು ಎಷ್ಟು ಹೊತ್ತಿಗೆ ಹೋಗಿ ಎಷ್ಟು ಹೊತ್ತಿಗೆ ವಾಪಸಾದರು ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಊರಿನ ಚಿತ್ರ ಪೂರ್ತಿಯಾಗುತ್ತದೆ.

ಸಂಖ್ಯೆ ಉಬ್ಬಿಸಬೇಡಿ. ಪಕ್ಕದ ಮಾರ್ಗದಲ್ಲಿ ಯಾವ ನಿಲ್ದಾಣದಲ್ಲಿ ಎಷ್ಟು ಟಿಕೆಟ್ ಹರಿದಿದೆ ಎಂಬುದು ಕಂಡಕ್ಟರ ಯಂತ್ರದಲ್ಲಿರುತ್ತದೆ. ಘಟಕದವರು ಅದನ್ನು ತೆಗೆದು ನೋಡಿದರೆ, ಅಲ್ಲಿಂದಾಚೆಗೆ ನಿಮ್ಮ ಯಾವ ಕಾಗದಕ್ಕೂ ಬೆಲೆ ಇರುವುದಿಲ್ಲ.

ಬಸ್ಸು ಕೇಳುವ ಬಗೆ

ಹೊಸ ಬಸ್ಸು ಕೇಳುವುದು ಕಡೆಯ ಆಯ್ಕೆಯಾಗಿರಲಿ. ಹೊಸ ಶೆಡ್ಯೂಲಿಗೆ ಒಂದು ವಾಹನ ಬೇಕು, ಚಾಲಕ, ನಿರ್ವಾಹಕರು ಬೇಕು, ಅವರ ವಾರದ ರಜೆಗೆ ಬದಲಿ ಜನ ಬೇಕು. ಅದರ ಬದಲು ಈಗಾಗಲೇ ಹತ್ತಿರ ಬಂದು ಹಿಂದಿರುಗುವ ಬಸ್ಸನ್ನು ಹುಡುಕಿ. ಉದಾಹರಣೆಗೆ, ಬಸ್ಸು 4 ಕಿಲೋಮೀಟರ್ ಆಚೆಯ ಊರಿನವರೆಗೆ ಬಂದು ತಿರುಗುತ್ತಿದೆ ಎನ್ನಿ. ದಿನಕ್ಕೆ ಎರಡು ಟ್ರಿಪ್ ನಿಮ್ಮೂರಿನವರೆಗೆ ವಿಸ್ತರಿಸಿದರೆ ಹೋಗಿಬರಲು ಹೆಚ್ಚುವರಿ 16 ಕಿಲೋಮೀಟರ್. ಹಳ್ಳಿ ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗ ಹಿಡಿದರೆ ಸಿಬ್ಬಂದಿಯ ಹೊತ್ತು ಸುಮಾರು 40 ನಿಮಿಷ. ಈ ಲೆಕ್ಕವನ್ನು ಪತ್ರದಲ್ಲೇ ಕೊಡಿ. ಘಟಕ ವ್ಯವಸ್ಥಾಪಕರು ಮೊದಲು ನೋಡುವುದೇ ಇದನ್ನು. ಸಿಬ್ಬಂದಿಯ ಕೆಲಸದ ಅವಧಿ ಮೀರಿದರೆ ಓವರ್‌ಟೈಮ್ ತಲೆನೋವು ಅವರದು. ಇನ್ನೂ ಸುಲಭದ್ದೆಂದರೆ ಸಮಯ ಬದಲಾವಣೆ. 11 ಗಂಟೆಗೆ ಬರುವ ಬಸ್ಸು 8.45ಕ್ಕೆ ಬಂದರೆ ಶಾಲೆಗೂ ಆಯಿತು, ಆಸ್ಪತ್ರೆಗೂ ಆಯಿತು. ಆದರೆ ಆ ಬಸ್ಸು ಬೇರೆ ಯಾವ ಊರಿನ ಮಕ್ಕಳಿಗೆ ಆಸರೆಯಾಗಿದೆ ಎಂದು ಮೊದಲೇ ವಿಚಾರಿಸಿಕೊಳ್ಳಿ, ಇಲ್ಲದಿದ್ದರೆ ವಾರದೊಳಗೆ ಆ ಪಂಚಾಯಿತಿಯ ಪತ್ರ ಎದುರಾಗಿ ನಿಲ್ಲುತ್ತದೆ.

ವಾಪಸು ಬರುವ ಟ್ರಿಪ್ಪನ್ನು ಮರೆಯುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಬೆಳಿಗ್ಗೆ ಹೋಗಲು ಬಸ್ಸಿದ್ದು, ಮಧ್ಯಾಹ್ನ ರಕ್ತಪರೀಕ್ಷೆಯ ವರದಿ ಪಡೆದು ಬರಲು ಬಸ್ಸಿಲ್ಲದಿದ್ದರೆ ವಯಸ್ಸಾದವರು ಹೋಗುವುದೇ ಇಲ್ಲ.

ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ಹಳ್ಳಿ ಮಾರ್ಗದ ಲೆಕ್ಕವೇ ಬದಲಾಗಿದೆ. ಶೂನ್ಯ ಟಿಕೆಟಿನ ಮೌಲ್ಯವನ್ನು ಸರ್ಕಾರ ನಿಗಮಕ್ಕೆ ಭರಿಸಬೇಕಾದ್ದರಿಂದ ಆ ಟಿಕೆಟೂ ಆದಾಯವೇ. "ದುಡ್ಡು ಕೊಡೋ ಹಂಗಿಲ್ಲವಲ್ಲ" ಎಂದು ಟಿಕೆಟ್ ಪಡೆಯದೆ ಕೂತ ಹೆಂಗಸರು ದಾಖಲೆಯಲ್ಲಿ ಇಲ್ಲವೇ ಇಲ್ಲ. ಪ್ರತಿ ಕಿಲೋಮೀಟರಿಗೆ ಬಂದ ಆದಾಯ ನೋಡಿ ಮಾರ್ಗ ಉಳಿಸುವುದೋ ಕಡಿಯುವುದೋ ತೀರ್ಮಾನವಾಗುತ್ತದೆ. ಆದ್ದರಿಂದ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಟಿಕೆಟ್ ಕೇಳಿ ಪಡೆಯಲು ಸ್ವಸಹಾಯ ಸಂಘಗಳ ಸಭೆಯಲ್ಲಿ ಹೇಳಿ.

ಪತ್ರಕ್ಕೆ ಮೊದಲೇ ರಸ್ತೆ ನೋಡಿ. ಬಸ್ಸು ತಿರುಗಲು ಸುಮಾರು 25 ಮೀಟರ್ ಅಡ್ಡಳತೆಯ ಜಾಗ ಬೇಕು. ಇಲ್ಲವಾದರೆ ಹಿಂದಕ್ಕೆ ತೆಗೆದು ತಿರುಗಿಸಬಹುದಾದ ಕವಲು ಇರಬೇಕು. ಶಾಲೆಯ ಮುಂದೆ ಹಿಂದಕ್ಕೆ ತೆಗೆಯುವ ಜಾಗ ತೋರಿಸಬೇಡಿ, ಘಟಕದಿಂದ ರಸ್ತೆ ಸಮೀಕ್ಷೆಗೆ ಬಂದವರು ಒಪ್ಪುವುದಿಲ್ಲ, ಒಪ್ಪಲೂಬಾರದು. ಜೋತುಬಿದ್ದ ವಿದ್ಯುತ್ ತಂತಿ, ಚಾಚಿಕೊಂಡ ಕೊಂಬೆ, ಬಿರುಕು ಬಿಟ್ಟ ಮೋರಿ, ರಸ್ತೆಗೆ ಬಂದ ತಿಪ್ಪೆ: ಇವನ್ನು ಸಮೀಕ್ಷೆಗೆ ಮುಂಚೆ ತೀರಿಸಿ. ರಸ್ತೆ ಲೋಕೋಪಯೋಗಿ ಇಲಾಖೆಯದೋ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದೋ ತಿಳಿದು, ಮೋರಿ ಬಗ್ಗೆ ಅವರಿಗೇ ಬರೆಯಿರಿ.

ಒಂದು ಮಾತು ಯಾರೂ ಬಹಿರಂಗವಾಗಿ ಆಡುವುದಿಲ್ಲ: ಬಸ್ಸು ಬಂದರೆ ಟೆಂಪೊ, ಆಟೊದವರ ಹೊಟ್ಟೆಗೆ ಪೆಟ್ಟು, ಆ ಟೆಂಪೊ ಎಷ್ಟೋ ಸಲ ಇನ್ನೊಬ್ಬ ಸದಸ್ಯರ ಮನೆಯದೇ ಆಗಿರುತ್ತದೆ. ಅವರನ್ನು ಮೊದಲೇ ಕೂರಿಸಿ ಮಾತಾಡಿ, ಬಸ್ಸಿಲ್ಲದ ಹೊತ್ತನ್ನು ಅವರಿಗೆ ಬಿಟ್ಟುಕೊಡಿ. ಇಲ್ಲದಿದ್ದರೆ ಬಸ್ಸಿಗೆ ಹತ್ತು ನಿಮಿಷ ಮೊದಲು ಟೆಂಪೊ ಹೊರಟು, ಬಸ್ಸು ಖಾಲಿ ಓಡಿ, ಒಂದೆರಡು ತಿಂಗಳಲ್ಲಿ ಟ್ರಿಪ್ ರದ್ದಾಗುತ್ತದೆ.

ಪತ್ರ ಘಟಕ ವ್ಯವಸ್ಥಾಪಕರಿಗೆ, ಅದರ ನಕಲು ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿಗೆ. ಇವರನ್ನೂ ಡಿಸಿ ಎನ್ನುವುದರಿಂದ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಕೂತ ಅರ್ಜಿಗಳಿಗೆ ಲೆಕ್ಕವಿಲ್ಲ; ಹುದ್ದೆ, ನಿಗಮ, ಊರು ಪೂರ್ತಿ ಬರೆಯಿರಿ. ಕರಾವಳಿಯಂತೆ ಖಾಸಗಿ ಬಸ್ಸುಗಳೇ ಹೆಚ್ಚಿರುವ ಕಡೆ ದಾರಿ ಬೇರೆ. ಅಲ್ಲಿ ಪರ್ಮಿಟ್ಟಿನಲ್ಲಿ ನಮೂದಾದ ಸಮಯಪಟ್ಟಿಯ ನಕಲನ್ನು ಆರ್‌ಟಿಒ ಕಚೇರಿಯಿಂದ ಪಡೆದು, ತಪ್ಪಿಸಿದ ಟ್ರಿಪ್ಪುಗಳನ್ನು ತಾರೀಕು ಸಮೇತ ಬರೆದು, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಕೊಡಬೇಕು.

ಆಸ್ಪತ್ರೆಯ ಕೊರತೆ ಯಾವುದು?

"ಡಾಕ್ಟರಿಲ್ಲ" ಎಂಬ ದೂರಿನ ಹಿಂದೆ ನಾಲ್ಕು ಸ್ಥಿತಿಗಳಿರಬಹುದು. ಹುದ್ದೆಯೇ ಮಂಜೂರಾಗಿಲ್ಲ. ಮಂಜೂರಾಗಿ ಖಾಲಿಯಿದೆ. ಭರ್ತಿಯಾಗಿದೆ, ಆದರೆ ದೀರ್ಘ ರಜೆ. ನಾಲ್ಕನೆಯದು, ಭರ್ತಿಯಾಗಿ ಸಂಬಳವೂ ಇಲ್ಲೇ, ಆದರೆ ಕೆಲಸ ನಿಯೋಜನೆಯ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ. ಈ ಕೊನೆಯದು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಖಾಲಿ ಹುದ್ದೆಗಳ ಪಟ್ಟಿಯಲ್ಲಿ ನಿಮ್ಮ ಕೇಂದ್ರದ ಹೆಸರೇ ಇರುವುದಿಲ್ಲ. ತಾಲ್ಲೂಕು ಆರೋಗ್ಯಾಧಿಕಾರಿಗಳಿಂದ ಮಂಜೂರು, ಭರ್ತಿ, ಖಾಲಿ, ನಿಯೋಜನೆ ಎಂಬ ನಾಲ್ಕು ಅಂಕಣದ ಪಟ್ಟಿ ಕೇಳಿ. ವೈದ್ಯರದಷ್ಟೇ ಅಲ್ಲ, ಶುಶ್ರೂಷಕಿ, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನಿಷಿಯನ್, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳದೂ ಬೇಕು. ಫಾರ್ಮಸಿಸ್ಟ್ ಇಲ್ಲದ ಕೇಂದ್ರದಲ್ಲಿ ಡಾಕ್ಟರಿದ್ದರೂ ಔಷಧಿ ಕೊಡುವುದು ಕುಂಟುತ್ತದೆ.

ನಿಯೋಜನೆಯಾಗಿದ್ದರೆ ಬೇಡಿಕೆ ಒಂದೇ ಸಾಲು: ನಿಯೋಜನೆ ರದ್ದುಪಡಿಸಿ ಮೂಲ ಸ್ಥಳಕ್ಕೆ ಕಳುಹಿಸಿ. ನಿಜವಾಗಿ ಖಾಲಿಯಿದ್ದರೆ ಗುತ್ತಿಗೆ ವೈದ್ಯರನ್ನೋ ಕಡ್ಡಾಯ ಸೇವೆಯ ವೈದ್ಯರನ್ನೋ ಕೇಳಿ. ಅಲ್ಲಿಯವರೆಗೆ ಪ್ರಭಾರದಲ್ಲಿರುವ ವೈದ್ಯರು ವಾರದ ಯಾವ ದಿನ, ಎಷ್ಟು ಗಂಟೆಗೆ ಬರುತ್ತಾರೆಂದು ಫಲಕದ ಮೇಲೆ ಬರೆಸಿ. ಆ ದಿನಗಳ ಬಸ್ಸಿನ ಸಮಯವನ್ನೂ ಅದರ ಕೆಳಗೇ ಬರೆಸಿ.

ಹೊಸ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಯಲುಸೀಮೆಯಲ್ಲಿ 30,000, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನಸಂಖ್ಯೆ ಮಾನದಂಡ. ಉಪಕೇಂದ್ರಕ್ಕೆ ಕ್ರಮವಾಗಿ 5,000, 3,000. ಇದಕ್ಕೆ ಹೊಂದದಿದ್ದರೆ ಹೊಸ ಕೇಂದ್ರ ಕೇಳಿ ವರ್ಷ ಕಳೆಯುವ ಬದಲು ಇರುವ ಉಪಕೇಂದ್ರವನ್ನು ಬಲಪಡಿಸಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಒಂದು ತಿಂಗಳಿಗಾಗುವಷ್ಟು ಅಲ್ಲಿಯ ಸಮುದಾಯ ಆರೋಗ್ಯ ಅಧಿಕಾರಿಯ ಕೈಯಲ್ಲೇ ಸಿಕ್ಕರೆ, ಬಸ್ಸು ಹತ್ತಬೇಕಾದ ಎಷ್ಟೋ ಜನ ಮನೆಯ ಹತ್ತಿರವೇ ಉಳಿಯುತ್ತಾರೆ. ನನ್ನ ಮಟ್ಟಿಗೆ ಎಲ್ಲ ಬೇಡಿಕೆಗಳಲ್ಲಿ ಇದು ಅಗ್ಗದ್ದು, ಆದರೆ ಯಾರೂ ಕೇಳುವುದಿಲ್ಲ.

ಔಷಧಿಯ ವಿಷಯದಲ್ಲಿ "ಮಾತ್ರೆ ಇಲ್ಲ" ಎನ್ನದೆ ಹೆಸರಿಟ್ಟು ಕೇಳಿ: ಅಮ್ಲೊಡಿಪಿನ್, ಮೆಟ್‌ಫಾರ್ಮಿನ್, ಓಆರ್‌ಎಸ್, ನಾಯಿ ಕಡಿತದ ಲಸಿಕೆ, ಹಾವಿನ ವಿಷಕ್ಕೆ ಔಷಧಿ. ಇಂದು ಎಷ್ಟು ದಾಸ್ತಾನಿದೆ, ಇಂಡೆಂಟ್ (ಔಷಧಿಯ ಬೇಡಿಕೆ ಪಟ್ಟಿ) ಯಾವಾಗ ಕಳಿಸಿದ್ದು? ಹೊರಗೆ ಬರೆದುಕೊಟ್ಟ ಚೀಟಿಗಳ ಫೋಟೊ ಇಟ್ಟುಕೊಳ್ಳಿ, ಆದರೆ ರೋಗಿಯ ಹೆಸರು ಮುಚ್ಚಿ. ಯಾರಿಗೆ ಯಾವ ಕಾಯಿಲೆ ಎಂಬುದು ಸಭೆಯಲ್ಲಿ ಓದುವ ವಿಷಯವಲ್ಲ. ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಜನರೇಟರ್ ಇದ್ದೂ ಡೀಸೆಲ್ಲಿಲ್ಲ ಎಂಬಂಥ ಸಣ್ಣ ಕೊರತೆಗಳಿಗೆ ಬೆಂಗಳೂರಿನವರೆಗೆ ಹೋಗಬೇಕಿಲ್ಲ, ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಸಭೆ ಕರೆಸಿ.

108ರ ವಿಳಂಬಕ್ಕೆ ಮೂರು ಸಮಯ ಬೇಕು: ಕರೆ ಮಾಡಿದ್ದು (ಮೊಬೈಲಿನ ಕರೆ ಪಟ್ಟಿಯ ಚಿತ್ರ), ವಾಹನ ಬಂದದ್ದು, ಆಸ್ಪತ್ರೆ ಮುಟ್ಟಿದ್ದು. ಇಂಥ ಐದಾರು ಪ್ರಕರಣ ಒಂದೇ ಹಾಳೆಯಲ್ಲಿದ್ದರೆ "ಆಂಬುಲೆನ್ಸನ್ನು ಹೋಬಳಿ ಕೇಂದ್ರದಲ್ಲಿ ನಿಲ್ಲಿಸಿ" ಎಂಬ ಬೇಡಿಕೆಗೆ ಬಲ ಬರುತ್ತದೆ.

ನಿರ್ಣಯ ಮತ್ತು ಪತ್ರ

ಗ್ರಾಮಸಭೆಯಲ್ಲಿ ವಿಷಯ ಮಂಡಿಸಿ, ಪಂಚಾಯಿತಿ ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಾಡಿಸಿ. ಕಾರ್ಯಸೂಚಿಯಲ್ಲಿ ಮೊದಲೇ ಸೇರಿಸಲು ಪಿಡಿಒಗೆ ಬರೆದುಕೊಡಿ, "ಇತರೆ ವಿಷಯಗಳು" ಎಂಬಲ್ಲಿ ಬಂದದ್ದು ಸಾಮಾನ್ಯವಾಗಿ ಅಲ್ಲೇ ಉಳಿಯುತ್ತದೆ. ನಿರ್ಣಯದ ಮಾತು ಹೀಗಿರಲಿ:

"… ಗ್ರಾಮದವರೆಗೆ ಮಾತ್ರ ಸಂಚರಿಸುತ್ತಿರುವ ಬೆಳಿಗ್ಗೆ … ಗಂಟೆಯ ಮತ್ತು ಮಧ್ಯಾಹ್ನ … ಗಂಟೆಯ ಬಸ್ಸುಗಳನ್ನು … ಗ್ರಾಮದವರೆಗೆ (4 ಕಿ.ಮೀ.) ವಿಸ್ತರಿಸಲು … ಘಟಕವನ್ನು ಕೋರಲು ತೀರ್ಮಾನಿಸಲಾಯಿತು. ಪ್ರಯಾಣಿಕರ ಎಣಿಕೆ ಪಟ್ಟಿ, ರಸ್ತೆಯ ಛಾಯಾಚಿತ್ರ ಲಗತ್ತಿಸಿದೆ."

ಒಂದು ಪತ್ರಕ್ಕೆ ಒಂದೇ ಬೇಡಿಕೆ. ಬಸ್ಸು, ಡಾಕ್ಟರು, ಚರಂಡಿ ಎಲ್ಲ ಸೇರಿಸಿದ ಪತ್ರವನ್ನು ಪ್ರತಿ ಕಚೇರಿಯೂ "ಇದು ನಮ್ಮದಲ್ಲ" ಎಂದು ಮುಂದಕ್ಕೆ ತಳ್ಳುತ್ತದೆ. ಟಪಾಲು ವಿಭಾಗದಲ್ಲಿ ಕೊಟ್ಟು ನಕಲಿನ ಮೇಲೆ ಮುದ್ರೆ, ತಾರೀಕು ಹಾಕಿಸಿಕೊಳ್ಳಿ. ವಾರ ಬಿಟ್ಟು ಹೋಗಿ ವಿಷಯ ನಿರ್ವಾಹಕರ ಬಳಿ ಕಡತ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಫೋನಿನಲ್ಲಿ ಊರಿನ ಹೆಸರು ಹೇಳುವುದಕ್ಕಿಂತ ಕಡತ ಸಂಖ್ಯೆ ಹೇಳಿದರೆ ಉತ್ತರ ಬೇಗ ಬರುತ್ತದೆ.

ಕಡತ ಅಲ್ಲೇ ನಿಂತರೆ

ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು ಚುನಾವಣೆ ಮುಂದಕ್ಕೆ ಹೋಗುತ್ತಲೇ ಬಂದದ್ದರಿಂದ ಗ್ರಾಮ ಪಂಚಾಯಿತಿಗೂ ಶಾಸಕರಿಗೂ ನಡುವಿನ ಮೆಟ್ಟಿಲು ಖಾಲಿ ಉಳಿಯಿತು. ಹಾಗಾಗಿ ಇಲಾಖೆಗಳ ಪ್ರಗತಿ ಪರಿಶೀಲಿಸುವ, ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಕೆಡಿಪಿ ಸಭೆಯೇ ಮುಖ್ಯ ಜಾಗ. ಅಲ್ಲಿ ನಿಮಗೆ ಕುರ್ಚಿ ಇಲ್ಲದಿದ್ದರೂ ನಿಮ್ಮ ಹಾಳೆ ಹೋಗಬಹುದು: ಸಭೆಗೆ ಒಂದು ವಾರ ಮೊದಲು ಕಾರ್ಯನಿರ್ವಾಹಕ ಅಧಿಕಾರಿಗೂ ಶಾಸಕರ ಆಪ್ತ ಸಹಾಯಕರಿಗೂ ಅರ್ಧ ಪುಟದ ಟಿಪ್ಪಣಿ, ಕಡತ ಸಂಖ್ಯೆ ಸಮೇತ ಕೊಡಿ. ಅರ್ಧ ಪುಟ ದಾಟಿದರೆ ಸಭೆಯಲ್ಲಿ ಯಾರೂ ಓದುವುದಿಲ್ಲ. ಮುಂದಿನ ಸಭೆಯ ಅನುಪಾಲನಾ ವರದಿಯಲ್ಲಿ (ಹಿಂದಿನ ಸಭೆಯ ಸೂಚನೆಗಳಿಗೆ ಏನು ಕ್ರಮವಾಯಿತು ಎಂಬ ವರದಿ) ಅದು ಬಂದಿದೆಯೇ ನೋಡಿ, ಬಂದಿಲ್ಲವಾದರೆ ಮತ್ತೆ ಕೊಡಿ.

ಇನ್ನೊಂದು ಬಾಗಿಲು ಬಹಳ ಸದಸ್ಯರಿಗೆ ಚುನಾವಣೆ ಹೊತ್ತಿನಲ್ಲಷ್ಟೇ ನೆನಪಾಗುತ್ತದೆ. ವಿಧಾನ ಪರಿಷತ್ತಿನ 25 ಸ್ಥಾನಗಳು ಸ್ಥಳೀಯ ಸಂಸ್ಥೆಗಳ ಕ್ಷೇತ್ರದವು, ಅಲ್ಲಿ ನೀವೇ ಮತದಾರರು. ಆ ಕ್ಷೇತ್ರದ ಪರಿಷತ್ ಸದಸ್ಯರಿಗೆ ಹತ್ತಾರು ಪಂಚಾಯಿತಿಗಳ ಸಹಿಯಿರುವ ಒಂದೇ ಪ್ರಶ್ನೆಯನ್ನು ಅಧಿವೇಶನಕ್ಕೆ ತಿಂಗಳು ಮೊದಲೇ ಕೊಡಿ. "ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ನಿಯೋಜನೆ ಮೇಲೆ ಹೋದ ಸಿಬ್ಬಂದಿ ಎಷ್ಟು, ಯಾವ ದಿನಾಂಕದಿಂದ, ಎಲ್ಲಿಗೆ?" ಎಂದು ಕೇಳಿಸಿದರೆ ಇಲಾಖೆ ಲಿಖಿತ ಉತ್ತರ ಕೊಡಲೇಬೇಕು. ಅದೇ ಮಾಹಿತಿಯನ್ನು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿದರೆ 30 ದಿನ ಗಡುವು. "ಯಾಕೆ ಬಸ್ಸು ಬಿಟ್ಟಿಲ್ಲ" ಎಂದು ಅರ್ಜಿಯಲ್ಲಿ ಬರೆಯಬೇಡಿ, ಸಮೀಕ್ಷಾ ವರದಿಯ ನಕಲು ಕೊಡಿ ಎಂದು ಬರೆಯಿರಿ. ಕಾಯ್ದೆ ಕೊಡಿಸುವುದು ಕಚೇರಿಯಲ್ಲಿರುವ ದಾಖಲೆಯನ್ನು, ವಿವರಣೆಯನ್ನಲ್ಲ.

ರಸ್ತೆ ತಡೆ ಬೇಗ ಸುದ್ದಿಯಾಗುತ್ತದೆ, ನಿಜ. ಆದರೆ ತಡೆದ ಬಸ್ಸಿನಲ್ಲಿ ಕೂತವರು ಪಕ್ಕದ ಊರಿನ ರೋಗಿಗಳೇ, ಕೇಸು ಬೀಳುವುದು ಊರಿನ ಹುಡುಗರ ಮೇಲೆ. ಪತ್ರಕರ್ತರನ್ನು ಕರೆಯುವುದಾದರೆ ಮುದ್ರೆ ಬಿದ್ದ ಪತ್ರಗಳು ಕೈಯಲ್ಲಿದ್ದಾಗ ಕರೆಯಿರಿ.

ಟ್ರಿಪ್ ಶುರುವಾದರೆ ಮೊದಲ ತಿಂಗಳು ಅದನ್ನು ಪ್ರಾಯೋಗಿಕವೆಂದೇ ತಿಳಿಯಿರಿ. ಹಿಂದಿನ ದಿನ ಡಂಗುರ ಸಾರಿಸಿ, ಸಮಯವನ್ನು ಅಂಗನವಾಡಿ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ ಗೋಡೆಗೆ ಹಚ್ಚಿಸಿ. ಬಾರದ ದಿನವನ್ನು ಡೇರಿಯ ಕಾರ್ಯದರ್ಶಿ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ತಿಂಗಳ ಕೊನೆಗೆ ಆ ತಾರೀಕುಗಳನ್ನು ಹಿಡಿದು ಘಟಕಕ್ಕೆ ಹೋಗಿ, ಬಂದ ದಿನಗಳಲ್ಲಿ ಎಷ್ಟು ಟಿಕೆಟ್ ಹರಿದಿದೆ ಎಂದು ಕೇಳಿಕೊಂಡು ಬನ್ನಿ.